ಏಳು ಅಂಕದ ಏಳರಾಟ

2008ರ ದೀಪಾವಳಿ ಕಳೆದ ವಾರ ನಮ್ಮ ಮನೆಯಲ್ಲಿ ಎರಡು ಮಾಸಗಳು ಒಟ್ಟಿಗೇ ನಡೆಯುತ್ತಿದ್ದವು. ಅಮ್ಮನದು ಕಾರ್ತೀಕ ಮಾಸ, ನನ್ನದು ಫೆಲಿಪೆ ಮಾಸ್ಸಾ. ಅಮ್ಮನ ಮಾಸಕ್ಕೆ ಸಂಜೆ ತುಳಸಿಕಟ್ಟೆಯ ಮುಂದೆ ಒಂದು ದೀಪ ಹಚ್ಚಿದರೆ ಸಾಕಿತ್ತು. ನನ್ನ ಮಾಸ್ಸಾಗೆ ಹತ್ತು ಅಂಕ ಬೇಕಿತ್ತು. ಅದೂ ಸಾಲದೆ ಲೂಯಿಸ್ ಹ್ಯಾಮಿಲ್ಟನ್ ಎಂಬ ಇಪ್ಪತ್ತಮೂರು ವರ್ಷದ ಹುಡುಗನಿಗೆ ಐದನೇ ಸ್ಥಾನವೂ ದಕ್ಕಬಾರದಿತ್ತು. ನಾನೂ ಹೋಗಿ ಅದೇ ದೀಪಕ್ಕೆ ಕೈಮುಗಿದೆ. ನಲವತ್ತು ದಾಟಿದ ಮೇಲೆ ಮಗನಿಗೆ ಬುದ್ಧಿ ಬಂತೆಂದು ಅಮ್ಮ ಆ ವಾರ ಬಹಳ ಸಂತೋಷವಾಗಿದ್ದಳು.

ನನ್ನ ಯೋಗ್ಯತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕುವಾಗ ಎರಡು ಸಲ ಕಾಲೂರಿ, ಮೂರನೇ ಸಲ ಇನ್‌ಸ್ಪೆಕ್ಟರ್ ಅತ್ತ ತಿರುಗಿದ್ದಾಗ ಪಾಸಾದವನು ನಾನು. ನನ್ನ ಸ್ಕೂಟರ್ ನಲವತ್ತು ಮುಟ್ಟಿತೆಂದರೆ ಅದಕ್ಕೂ ನನಗೂ ಒಟ್ಟಿಗೇ ನಡುಕ. ಇಂಥವನಿಗೆ ಗಂಟೆಗೆ 300 ಕಿಲೋಮೀಟರ್ ಓಡುವ ಕಾರುಗಳ ಹುಚ್ಚು ಯಾಕೆ ಎಂದರೆ, ಲೆಕ್ಕ. ನಾನು ಬ್ಯಾಂಕಿನವನು. ಸಂಜೆ ನಗದು ತಾಳೆಯಾಗದಿದ್ದರೆ ಊಟ ಸೇರದವನು. ಫಾರ್ಮುಲಾ ಒನ್ನಿನಲ್ಲಿ ಉಳಿದವರು ವೇಗ ನೋಡುತ್ತಾರೆ. ನಾನು ಲೆಡ್ಜರ್ ನೋಡುತ್ತೇನೆ.

ಆ ವರ್ಷದ ಲೆಡ್ಜರ್ ಹೀಗಿತ್ತು. ಹದಿನೆಂಟು ರೇಸುಗಳಲ್ಲಿ ಹದಿನೇಳು ಮುಗಿದಿದ್ದವು. ಹ್ಯಾಮಿಲ್ಟನ್ 94, ಮಾಸ್ಸಾ 87. ಆಗ ಗೆದ್ದವನಿಗೆ 10 ಅಂಕ, ಎರಡನೆಯವನಿಗೆ 8, ಅಲ್ಲಿಂದ ಇಳಿಯುತ್ತ 6, 5, 4, 3, 2, 1. ಕೊನೆಯ ರೇಸು ನವೆಂಬರ್ 2ರ ಭಾನುವಾರ, ಬ್ರೆಜಿಲ್‌ನ ಸಾವೊ ಪೌಲೊದ ಇಂಟರ್‌ಲಾಗೋಸ್‌ನಲ್ಲಿ. ಮಾಸ್ಸಾ ಹುಟ್ಟಿದ ಊರಿನಲ್ಲೇ. ಅವನು ಗೆದ್ದರೆ 97. ಹ್ಯಾಮಿಲ್ಟನ್ ಐದನೆಯವನಾಗಿ ಬಂದರೂ 98, ಪಟ್ಟ ಅವನಿಗೇ. ಆರನೆಯವನಾದನೋ, ಅವನೂ 97. ಸಮ ಬಿದ್ದಾಗ ಹೆಚ್ಚು ರೇಸು ಗೆದ್ದವನೇ ದೊಡ್ಡವನು. ಮಾಸ್ಸಾನದು ಆರಾಗಿರುತ್ತದೆ, ಹ್ಯಾಮಿಲ್ಟನ್ನನದು ಐದು. ಅಂದರೆ ಐದನೇ ಸ್ಥಾನಕ್ಕೂ ಆರನೇ ಸ್ಥಾನಕ್ಕೂ ನಡುವೆ ಇಡೀ ವರ್ಷ ಕೂತಿತ್ತು.

ಈ ಲೆಕ್ಕವನ್ನು ನಾನು ಹಣ ತೆಗೆಯುವ ಚೀಟಿಗಳ ಹಿಂದೆ ಬರೆದು ಬರೆದು ಒಂದು ಕಟ್ಟೇ ಆಗಿತ್ತು. ನಮ್ಮ ಮ್ಯಾನೇಜರ್ ಒಂದು ಚೀಟಿ ಎತ್ತಿಕೊಂಡು, "ಮಾ 97, ಹ್ಯಾ 97... ಎರಡೂ ತಾಳೆ ಆಗಿದೆಯಲ್ರೀ, ಮತ್ಯಾಕೆ ತಲೆ ಕೆಡಿಸ್ಕೊಂಡಿದ್ದೀರಿ?" ಎಂದರು. ತಾಳೆಯಾಗುವುದೇ ನನ್ನ ಆಸೆ ಸಾರ್ ಎಂದೆ. ಅವರು ಮೆಚ್ಚಿಕೊಂಡು ಹೋದರು.

ಅಂತರ ಏಳು ಅಂಕ ಎಂಬುದೇ ನನ್ನ ಮುಖ್ಯ ಆಧಾರ. ಹಿಂದಿನ ವರ್ಷವೂ ಕೊನೆಯ ರೇಸು ಇಂಟರ್‌ಲಾಗೋಸ್‌ನಲ್ಲೇ. ಅಲ್ಲಿಗೆ ಬರುವಾಗ ಇದೇ ಹ್ಯಾಮಿಲ್ಟನ್ ಕಿಮಿ ರೈಕೋನೆನ್‌ಗಿಂತ ಸರಿಯಾಗಿ ಏಳು ಅಂಕ ಮುಂದಿದ್ದ. ಗೇರ್ ಕೈಕೊಟ್ಟು, ಹಿಂದೆ ಬಿದ್ದು, ಏಳನೆಯವನಾಗಿ ಮುಗಿಸಿ, 110ಕ್ಕೆ 109ರಂತೆ ಒಂದೇ ಅಂಕದಿಂದ ಪಟ್ಟ ಕಳೆದುಕೊಂಡ. ಇದನ್ನು ಅಮ್ಮನಿಗೆ ವಿವರಿಸಿದೆ. ಅವಳು ಹೂಬತ್ತಿ ಹೊಸೆಯುತ್ತಲೇ, "ಏಳರಾಟ ನಡೀತಿದೆ ಕಣೋ ಆ ಹುಡುಗನಿಗೆ. ಶನಿವಾರ ಎಳ್ಳುದೀಪ ಹಚ್ಚೋದಕ್ಕೆ ಹೇಳು" ಎಂದಳು. ನಾನು ಹಿಗ್ಗಿಹೋದೆ. ಹ್ಯಾಮಿಲ್ಟನ್ ಹುಟ್ಟಿದ್ದೂ ಜನವರಿ 7. ಶನಿಮಹಾತ್ಮ ಇಷ್ಟು ಸ್ಪಷ್ಟವಾಗಿ ಬರೆದು ಕೊಟ್ಟಿರುವಾಗ ಓದಲು ಬಾರದವನು ಮೂರ್ಖ ಅನ್ನಿಸಿತು.

ಈ ಸಿದ್ಧಾಂತವನ್ನು ಹಾಳು ಮಾಡಿದವನು ನನ್ನ ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಿದ್ದ, ಹ್ಯಾಮಿಲ್ಟನ್ ಪಕ್ಷ. "ಮಾವ, ಮಾಸ್ಸಾ ಹುಟ್ಟಿದ್ದು ಏಪ್ರಿಲ್ 25. ಎರಡೂ ಐದೂ ಕೂಡಿದ್ರೆ ಎಷ್ಟಾಯ್ತು?" ಎಂದ. ನಾನು ಉತ್ತರ ಕೊಡಲಿಲ್ಲ. ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ ಪಣ ಕಟ್ಟಿದೆ. ಸೋತವನು ಗೆದ್ದವನಿಗೆ, ಹೊಟ್ಟೆ ಸಾಕು ಅನ್ನುವ ತನಕ.

ಪಣ ಎಂಬ ಮಾತು ಅಮ್ಮನ ಕಿವಿಗೆ ಬಿದ್ದದ್ದೇ ತಪ್ಪಾಯಿತು. ನಾನು ಎರಡು ವಾರದಿಂದ "ರೇಸು ರೇಸು" ಎನ್ನುತ್ತಿದ್ದದ್ದು ಅವಳಿಗೆ ಈಗ ಬೇರೆಯದೇ ಅರ್ಥ ಕೊಟ್ಟಿತು. ನಮ್ಮ ಕಡೆ ರೇಸು ಎಂದರೆ ಒಂದೇ ರೇಸು, ಕುದುರೆಯದು. ಅವಳ ದೊಡ್ಡಣ್ಣ ಅದರಲ್ಲಿ ಎರಡು ಸೈಟು ಕಳೆದಿದ್ದ. "ನೀನೂ ಶುರು ಹಚ್ಚಿಕೊಂಡ್ಯಾ?" ಎಂದು ಸೆರಗು ಕಣ್ಣಿಗೆ ಹೋಯಿತು. ಕುದುರೆ ಅಲ್ಲಮ್ಮ, ಕಾರು, ಎಂದು ಇಂಟರ್‌ಲಾಗೋಸ್‌ನ ಹಳೆಯ ಟೇಪು ತೋರಿಸಿ ಸಮಾಧಾನ ಮಾಡಬೇಕಾಯಿತು. ಅವಳು ಐದು ನಿಮಿಷ ನೋಡಿದಳು.

"ಇದೇನೋ, ಅಪ್ರದಕ್ಷಿಣೆ ಹಾಕ್ತಿದ್ದಾರೆ!"

ಇಷ್ಟು ವರ್ಷ ನೋಡಿದ ನನಗೆ ಹೊಳೆಯದ್ದು ಅವಳಿಗೆ ಐದೇ ನಿಮಿಷದಲ್ಲಿ ಕಂಡಿತ್ತು. ಸಾಮಾನ್ಯವಾಗಿ ಈ ಟ್ರ್ಯಾಕುಗಳೆಲ್ಲ ಪ್ರದಕ್ಷಿಣೆಯವೇ. ಇಂಟರ್‌ಲಾಗೋಸ್ ಮಾತ್ರ ಎಡಕ್ಕೆ ಸುತ್ತುವ ಅಪರೂಪದವುಗಳಲ್ಲಿ ಒಂದು. ಕತ್ತು ಒಂದೇ ಬದಿಗೆ ವಾಲಿ ಚಾಲಕರಿಗೆ ನೋವು ಬರುತ್ತದಂತೆ. ಒಂದು ಸುತ್ತು 4.309 ಕಿಲೋಮೀಟರ್, ಅಂಥವು 71. "ಎಪ್ಪತ್ತೊಂದು ಅಪ್ರದಕ್ಷಿಣೆ ಹಾಕಿದೋರು ಉದ್ಧಾರ ಆಗ್ತಾರಾ?" ಎಂದಳು. ನಾನು ಬೇಗ ಬೇಗ ಲೆಕ್ಕ ಹಾಕಿದೆ. ಮಾಸ್ಸಾ ಮೂರು ವರ್ಷ ಬಿಡದೆ ಗೆದ್ದ ಇಸ್ತಾಂಬುಲ್ ಟ್ರ್ಯಾಕ್ ಅಪ್ರದಕ್ಷಿಣೆಯದು. 2006ರಲ್ಲಿ ಇದೇ ಇಂಟರ್‌ಲಾಗೋಸ್‌ನಲ್ಲೂ ಗೆದ್ದಿದ್ದ. ನಮ್ಮವನಿಗೆ ಅಪ್ರದಕ್ಷಿಣೆಯೇ ಆಗಿಬರುತ್ತದಮ್ಮಾ ಎಂದೆ. ಸಿಂಗಪುರದ್ದೂ ಎಡಸುತ್ತೇ ಎಂಬುದನ್ನು ಬೇಕೆಂದೇ ನುಂಗಿಕೊಂಡೆ.

ಸಿಂಗಪುರದಿಂದಲೇ ನಾನು ಮಾಸ್ಸಾ ಪಕ್ಷಕ್ಕೆ ಸೇರಿದ್ದು. ಸೆಪ್ಟೆಂಬರ್ 28ರಂದು ಅಲ್ಲಿ ಫಾರ್ಮುಲಾ ಒನ್ನಿನ ಮೊದಲ ರಾತ್ರಿ ರೇಸು. ಮಾಸ್ಸಾ ಎಲ್ಲರಿಗಿಂತ ಮುಂದಿದ್ದವನು ಪೆಟ್ರೋಲ್ ತುಂಬಿಸಿಕೊಳ್ಳಲು ನಿಂತ. ಹಸಿರು ದೀಪ ಬಂತು, ಹೊರಟ. ಪೆಟ್ರೋಲ್ ಪೈಪು ಇನ್ನೂ ಕಾರಿಗೇ ಅಂಟಿಕೊಂಡಿತ್ತು! ಅದನ್ನೂ ಕಿತ್ತುಕೊಂಡು ಆನೆಯ ಸೊಂಡಿಲಿನ ಹಾಗೆ ಎಳೆದುಕೊಂಡು ಹೋಗಿ, ಮುಂದೆ ನಿಂತು ಕಾಯುತ್ತ ಕೂತ. ಮೆಕ್ಯಾನಿಕ್ಕುಗಳು ಏದುಸಿರು ಬಿಡುತ್ತ ಓಡಿಬಂದು ಕಿತ್ತರು. ಹದಿಮೂರನೆಯವನಾದ, ಅಂಕ ಸೊನ್ನೆ. ಒಮ್ಮೆ ಬಂಕಿನಲ್ಲಿ ನಾನು ಸ್ಕೂಟರಿನ ಸೀಟು ಮುಚ್ಚದೆ, ಹಿಂದೆ ಕೂರಬೇಕಿದ್ದ ಹೆಂಡತಿಯನ್ನೂ ಕೂರಿಸಿಕೊಳ್ಳದೆ, ಅರ್ಧ ಫರ್ಲಾಂಗು ಮಾತಾಡಿಕೊಂಡೇ ಹೋಗಿದ್ದೆ. ಆ ಸಂಜೆ ನನಗಾದ ಮುಖ ಸಿಂಗಪುರದಲ್ಲಿ ಮಾಸ್ಸಾನ ಹೆಲ್ಮೆಟ್ಟಿನೊಳಗೆ ಇದ್ದಿರಬೇಕು. ಅದಕ್ಕೂ ಮೊದಲು ಹಂಗೆರಿಯಲ್ಲಿ ಗೆಲ್ಲಲು ಮೂರೇ ಸುತ್ತು ಉಳಿದಿದ್ದಾಗ ಇಂಜಿನ್ ಹೊಗೆಯಾಗಿತ್ತು. ಇಷ್ಟು ಪಾಡು ಪಟ್ಟವನ ಕಡೆಗೆ ನಿಲ್ಲದಿದ್ದರೆ ನಾವು ಕರ್ಣನ ಕಥೆ ಕೇಳಿ ಬೆಳೆದದ್ದು ಯಾತಕ್ಕೆ?

ನಮ್ಮ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯರ ಫೋರ್ಸ್ ಇಂಡಿಯಾ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು, ಅದರ ಮೊದಲ ವರ್ಷ ಅದು. ಮೊನಾಕೊದಲ್ಲಿ ಅದರ ಏಡ್ರಿಯನ್ ಸುಟಿಲ್ ನಾಲ್ಕನೇ ಸ್ಥಾನದಲ್ಲಿದ್ದ, ರೈಕೋನೆನ್ ಹಿಂದಿನಿಂದ ಬಂದು ಗುದ್ದಿದ. ವರ್ಷದ ಒಟ್ಟು ಅಂಕ ಸೊನ್ನೆ. ಲೆಕ್ಕದವನಿಗೆ ಸೊನ್ನೆಯಲ್ಲಿ ಮಾಡಲು ಕೆಲಸವಿಲ್ಲ.

ಕಾಯುವ ದಿನಗಳಲ್ಲಿ ಮನುಷ್ಯ ಹಳೆಯ ಕಡತ ತೆಗೆಯುತ್ತಾನೆ. ಕೊನೆಯ ರೇಸಿನಲ್ಲಿ ಪಟ್ಟ ತೀರ್ಮಾನವಾದ ವರ್ಷಗಳನ್ನೆಲ್ಲ ತೆಗೆದು ಕೂತೆ. 1994ರಲ್ಲಿ ಅಡಿಲೇಡ್‌ನಲ್ಲಿ ಮೈಕೆಲ್ ಶುಮಾಕರ್‌ನ ಕಾರೂ ಡೇಮನ್ ಹಿಲ್‌ನ ಕಾರೂ ಡಿಕ್ಕಿಯಾಗಿ, ಒಂದು ಅಂಕ ಮುಂದಿದ್ದ ಶುಮಾಕರ್ ಚಾಂಪಿಯನ್ ಆದ. ಇದು ಲೆಕ್ಕವಲ್ಲ, ರೌಡಿತನ, ಬದಿಗಿಟ್ಟೆ. ನಾನು ಮತ್ತೆ ಮತ್ತೆ ತೆಗೆದು ಓದುವುದು 1984ರ ಪುಟ. ನಿಕಿ ಲೌಡಾ 72, ಅಲೆನ್ ಪ್ರಾಸ್ಟ್ 71.5. ಅರ್ಧ ಅಂಕ! ಆ ಅರ್ಧ ಎಲ್ಲಿಂದ ಬಂತು ನೋಡಿ. ಆ ವರ್ಷ ಮೊನಾಕೊದಲ್ಲಿ ಜಡಿಮಳೆ. ಪ್ರಾಸ್ಟ್ ಮುಂದಿದ್ದ, ಹಿಂದಿನಿಂದ ಐರ್ಟನ್ ಸೆನ್ನಾ ಎಂಬ ಹೊಸಬ ಹತ್ತಿರ ಹತ್ತಿರ ಬರುತ್ತಿದ್ದ. ಪ್ರಾಸ್ಟ್ ಕಾರಿನಿಂದಲೇ ಕೈಬೀಸಿ ರೇಸು ನಿಲ್ಲಿಸಿ ಎಂದು ಸನ್ನೆ ಮಾಡಿದ. ನಿಲ್ಲಿಸಿದರು. ಪ್ರಾಸ್ಟ್ ಗೆದ್ದ. ಆದರೆ ಅರ್ಧ ದಾರಿಗೇ ನಿಂತ ರೇಸಾದ್ದರಿಂದ ಒಂಬತ್ತರ ಬದಲು ನಾಲ್ಕೂವರೆ ಅಂಕ. ಸುಮ್ಮನೆ ಪೂರ್ತಿ ಓಡಿಸಿ, ಸೆನ್ನಾಗೆ ದಾರಿ ಬಿಟ್ಟು ಎರಡನೆಯವನಾಗಿದ್ದರೂ ಆರು ಸಿಗುತ್ತಿತ್ತು. ಲೌಡಾಗಿಂತ ಒಂದು ಅಂಕ ಮುಂದೆ, ವಿಶ್ವ ಚಾಂಪಿಯನ್. ಗೆದ್ದು ಕೆಟ್ಟ ಎಂಬುದಕ್ಕೆ ಇಷ್ಟು ಅಚ್ಚುಕಟ್ಟಾದ ದಾಖಲೆ ಯಾವ ಬ್ಯಾಂಕಿನಲ್ಲೂ ಇಲ್ಲ. ಇದನ್ನು ನಮ್ಮ ಕ್ಯಾಷಿಯರ್‌ಗೆ ಹೇಳಿದೆ. ಅವರು ನೋಟು ಎಣಿಸುವುದನ್ನು ನಿಲ್ಲಿಸಿ, "ಪಾಪ" ಎಂದರು, ಮತ್ತೆ ಮೊದಲಿಂದ ಎಣಿಸಿದರು.

ಬ್ಯಾಂಕಿನ ಕಂಪ್ಯೂಟರಿನಲ್ಲಿ ದಿನಕ್ಕೆ ಮೂರು ಸಲ ಸಾವೊ ಪೌಲೊದ ಹವಾಮಾನ ನೋಡುತ್ತಿದ್ದೆ. ಭಾನುವಾರ ಅಲ್ಲಿ ಮಳೆಯ ಸಾಧ್ಯತೆ ಇದೆ ಎಂದು ಖಚಿತವಾಗಿ ತಿಳಿದುಕೊಂಡು ಹೊರಬಿದ್ದವನು ಕೊಡೆಯಿಲ್ಲದೆ ಬಸವನಗುಡಿಯಲ್ಲಿ ತೊಪ್ಪೆಯಾದೆ. ಹೆಂಡತಿ ಟವೆಲ್ ಎಸೆದು ಏನೂ ಕೇಳಲಿಲ್ಲ. ಅವಳು ಕೇಳಿದ್ದು ಶನಿವಾರ, ಅರ್ಹತಾ ಸುತ್ತಿನಲ್ಲಿ ಮಾಸ್ಸಾ ಮೊದಲನೆಯವನಾಗಿ, ಹ್ಯಾಮಿಲ್ಟನ್ ನಾಲ್ಕನೆಯವನಾದ ಮೇಲೆ. ನಾನು ಕುಣಿಯುತ್ತಿದ್ದೆ.

"ರೀ, ನಾಳೆ ಇದು ಎಷ್ಟು ಹೊತ್ತಿಗೆ?"

"ಹತ್ತೂವರೆಗೆ."

"ಬೆಳಿಗ್ಗೆ ತಾನೇ?"

ಒಪ್ಪಂದವಾಯಿತು. ಅಮ್ಮ ಮಲಗುವುದು ಹಾಲಿನ ದಿವಾನದ ಮೇಲೆ, ಸೋಮವಾರ ಮಗಳಿಗೆ ಶಾಲೆ. ಆದ್ದರಿಂದ ಟಿವಿಗೆ ಶಬ್ದವಿಲ್ಲ, ಹಾಲಿಗೆ ಲೈಟಿಲ್ಲ, ಮುಗಿದ ಕ್ಷಣಕ್ಕೆ ಆಫ್. ನಾನು ಎಲ್ಲಕ್ಕೂ ಸಹಿ ಹಾಕಿದೆ. ಷರತ್ತುಗಳನ್ನು ಓದದೆ ಸಹಿ ಹಾಕಬೇಡಿ ಎಂದು ದಿನವೂ ಜನಕ್ಕೆ ಹೇಳುವವನು ನಾನೇ.

ಆ ಭಾನುವಾರ ಹಗಲು ಮಾಸ್ಸಾನನ್ನು ಸ್ವಲ್ಪ ಹೊತ್ತು ಮರೆಯಬೇಕಾಯಿತು. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಸಿಕ್ಕಿ ಎರಡು ದಿನವಾಗಿತ್ತು, ರಾಜ್ಯೋತ್ಸವದ ಬಾವುಟಗಳು ಬೀದಿಯಲ್ಲಿ ಇನ್ನೂ ಹಾರುತ್ತಿದ್ದವು. ದೆಹಲಿಯ ಕೋಟ್ಲಾದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್ ಡ್ರಾ ಆಯಿತು, ಎಡಗೈಗೆ ಹನ್ನೊಂದು ಹೊಲಿಗೆ ಹಾಕಿಸಿಕೊಂಡಿದ್ದ ನಮ್ಮ ಅನಿಲ್ ಕುಂಬ್ಳೆ ಇನ್ನು ಸಾಕು ಎಂದುಬಿಟ್ಟರು. 619 ವಿಕೆಟ್. ನಾನು ಅತ್ತೆ. ರೇಸಿಗೆಂದು ಹದಿನಾಲ್ಕು ದಿನದಿಂದ ಕೂಡಿಟ್ಟಿದ್ದ ಕಣ್ಣೀರು ಅರ್ಧ ಅಲ್ಲೇ ಖರ್ಚಾಯಿತು.

ರಾತ್ರಿ ಊಟವಾಯಿತು. ಎಂಟೂವರೆಗೆ ಹತ್ತೂವರೆಯಾಗಲು ಎರಡು ಗಂಟೆ ಬೇಕೆಂದು ಗೊತ್ತಿದ್ದರೂ, ಒಂಬತ್ತಕ್ಕೇ ರಿಮೋಟಿನ ಸೆಲ್ ಬಿಚ್ಚಿ ಉಜ್ಜಿ ಮತ್ತೆ ಹಾಕಿದೆ. ಕರೆಂಟು ಹೋದರೆ ಎಂದು ಮೇಣದ ಬತ್ತಿ ತಂದಿಟ್ಟುಕೊಂಡೆ. ಮೇಣದ ಬತ್ತಿಯಿಂದ ಟಿವಿ ಓಡುವುದಿಲ್ಲ ಎಂಬುದು ಹಚ್ಚಲು ಹೋದಾಗ ಹೊಳೆಯಿತು. ಹತ್ತೂವರೆಗೆ ಇನ್ನು ಕೆಲವೇ ನಿಮಿಷ ಎನ್ನುವಾಗ ಸಾವೊ ಪೌಲೊದಲ್ಲಿ ಮಳೆ ಸುರಿಯಿತು. ಟೈರು ಬದಲಿಸಲೆಂದು ಆರಂಭವನ್ನು ಹತ್ತು ನಿಮಿಷ ಮುಂದಕ್ಕೆ ಹಾಕಿದರು. ಎರಡು ವಾರ ಕಾದವನಿಗೆ ಹತ್ತು ನಿಮಿಷ ಯಾವ ಲೆಕ್ಕ ಎನ್ನುವವರು ಹೆರಿಗೆ ವಾರ್ಡಿನ ಹೊರಗೆ ನಿಂತವರನ್ನು ಕೇಳಿ ನೋಡಲಿ.

ರೇಸಿನ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚಿಲ್ಲ. ಮಾಸ್ಸಾ ದೇವರು ಓಡಿಸಿದ ಹಾಗೆ ಓಡಿಸಿದ. ಹ್ಯಾಮಿಲ್ಟನ್ ಜೀವ ಕೈಯಲ್ಲಿ ಹಿಡಿದುಕೊಂಡು ನಾಲ್ಕು, ಐದು ಎನ್ನುತ್ತ ಹಿಂದೆ ಬರುತ್ತಿದ್ದ. ಕೊನೆಗೆ ಮತ್ತೆ ಹನಿ. ಹೆಚ್ಚಿನವರು ಮಳೆ ಟೈರಿಗೆ ಓಡಿದರು; ಟೊಯೋಟಾದ ಟಿಮೊ ಗ್ಲಾಕ್ ಒಣ ಟೈರಿನಲ್ಲೇ ಉಳಿದ. ಮೂರೇ ಸುತ್ತು ಬಾಕಿಯಿದ್ದಾಗ ಸೆಬಾಸ್ಟಿಯನ್ ವೆಟೆಲ್ ಎಂಬ ಹುಡುಗ ಹ್ಯಾಮಿಲ್ಟನ್ನನನ್ನು ಹಿಂದೆ ಹಾಕಿದ. ಆರನೇ ಸ್ಥಾನ! ಚೀಟಿಗಳ ಹಿಂದೆ ನೂರು ಸಲ ಬರೆದದ್ದು ಕಣ್ಣ ಮುಂದೆ ತಾಳೆಯಾಗುತ್ತಿತ್ತು. ನಡುರಾತ್ರಿ ಹನ್ನೆರಡೂ ಕಾಲಿಗೆ ಮಾಸ್ಸಾ ಗೆರೆ ದಾಟಿದ. ಅವನ ತಂಡವಾದ ಫೆರಾರಿಯ ಗ್ಯಾರೇಜಿನಲ್ಲಿ ಅವನ ಅಪ್ಪ, ಮನೆಯವರು ಒಬ್ಬರನ್ನೊಬ್ಬರು ತಬ್ಬಿ ಕುಣಿಯತೊಡಗಿದರು. ನಾನು ಕತ್ತಲಲ್ಲಿ ಸದ್ದಿಲ್ಲದೆ ಕುಣಿದೆ.

ಬಾಗಿಲಲ್ಲಿ ಹೆಂಡತಿ. "ಮುಗೀತಾ?"

"ಮುಗೀತು. ಗೆದ್ದ!"

ಮಾತಿಗೆ ತಪ್ಪದೆ ಟಿವಿ ಆರಿಸಿದೆ. ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಬಂತು. ಕನಸಿನಲ್ಲಿ ಮಾಸ್ಸಾ ನಮ್ಮ ಬ್ಯಾಂಕಿಗೆ ಬಂದು ಖಾತೆ ತೆರೆದ.

ಬೆಳಿಗ್ಗೆ ಏಳೂ ಕಾಲಿಗೆ ಫೋನ್. ಅಕ್ಕನ ಮಗ. ಪಾಪದ ಹುಡುಗ, ಸೋಲು ಒಪ್ಪಿಕೊಳ್ಳುವ ದೊಡ್ಡತನ ಇದೆ ಎಂದುಕೊಂಡೆ. "ಬೇಜಾರು ಮಾಡ್ಕೋಬೇಡ ಕಣೋ, ಎರಡೇ ದೋಸೆ ತಿಂತೀನಿ" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಮಾವ... ನೀವು ಟಿವಿ ಯಾವಾಗ ಆಫ್ ಮಾಡಿದ್ರಿ?"

ಒಣ ಟೈರಿನ ಗ್ಲಾಕ್ ಒದ್ದೆ ರಸ್ತೆಯಲ್ಲಿ ಎತ್ತಿನಗಾಡಿಯಂತೆ ತೆವಳುತ್ತಿದ್ದನಂತೆ. ಕೊನೆಯ ಸುತ್ತಿನ ಕೊನೆಯ ತಿರುವುಗಳಲ್ಲಿ ಹ್ಯಾಮಿಲ್ಟನ್ ಅವನನ್ನು ದಾಟಿ ಐದನೆಯವನಾಗಿ ಗೆರೆ ಮುಟ್ಟಿದ್ದ. 98, 97. ಮಾಸ್ಸಾ ಗೆರೆ ದಾಟಿದ ಮೇಲೆ ಅವನು ತಲುಪಿದ್ದು 38 ಚಿಲ್ಲರೆ ಸೆಕೆಂಡಿಗೆ. ಫೆರಾರಿಯವರು ಚಾಂಪಿಯನ್ ಆಗಿದ್ದದ್ದು ಅಷ್ಟು ಹೊತ್ತು. ಬಸವನಗುಡಿಯಲ್ಲಿ ನಾನು ಏಳು ಗಂಟೆ ಆಗಿದ್ದೆ.

ಹುಡುಗ ನಾಲ್ಕು ದೋಸೆ ತಿಂದ.