ಒತ್ತಿ ಮೀಮಾಂಸೆ: ಇಟಗಿ ಕಟ್ಟೆಯಲ್ಲಿ ಸಿದ್ಧವಾದ ಒಂದು ಲಘುಶಾಸ್ತ್ರ

ಪೀಠಿಕೆ

ಮೊಬೈಲಿನಲ್ಲಿ ಕೊಂಡಿ ಕಳಿಸಿ, ಅದನ್ನು ಒತ್ತಿದವರು ಕೊಂಡ ಸಾಮಾನಿನ ಮೇಲೆ ಕಮಿಷನ್ ಎಣಿಸುವ ವಿದ್ಯೆಗೆ ಪಂಡಿತರು ಅಫಿಲಿಯೇಟ್ ಮಾರ್ಕೆಟಿಂಗ್ ಎನ್ನುತ್ತಾರೆ. ಅಮೆಜಾನ್ ಕಂಪನಿ 1996ರಿಂದ ಇದರ ದೀಕ್ಷೆ ಕೊಡುತ್ತಿದೆ. ರೋಣ ಸೀಮೆಯಲ್ಲಿ ಇದಕ್ಕೆ ದಲಾಲಿ ಎಂಬ ಹೆಸರು ಅದಕ್ಕೂ ಮೊದಲೇ ಇತ್ತು. ಆದಕಾರಣ, ಒತ್ತುವವರ ಸಂಖ್ಯೆ ಹೆಚ್ಚಿಸುವ ಸೂತ್ರಗಳನ್ನು ಅರಸಿ ಈ ಪ್ರಬಂಧಕಾರ ಅಮೆರಿಕಕ್ಕೆ ಹೋಗದೆ, ಶರಣೆ ಭೀಮಾಂಬಿಕೆಯ, ಅಂದರೆ ಭೀಮವ್ವನ, ಇಟಗಿಗೆ ಬಂದು ಕಟ್ಟೆ ಹತ್ತಿ ಕುಳಿತ. ಬಸ್ ಖರ್ಚೂ ಕಡಿಮೆ.

ಸೂತ್ರ 1: ಕೊಂಡಿ ಹೇಳಿದ ಊರಿಗೇ ಒಯ್ಯಬೇಕು

ವೃತ್ತಿ: ಇಟಗಿ ಎಂಬ ಊರು ಒಂದೇ ಅಲ್ಲ. ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, 'ದೇವಾಲಯ ಚಕ್ರವರ್ತಿ' ಎನಿಸಿಕೊಂಡ ಗುಡಿ ಇರುವುದು ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ. ಅದನ್ನು ನೋಡಲೆಂದು ಕ್ಯಾಮೆರಾ ಹೊತ್ತು ಗದಗ ಜಿಲ್ಲೆಯ ಈ ಇಟಗಿಯಲ್ಲಿ ಇಳಿದವನ ಮುಖದಲ್ಲಿ ಮೂಡುವ ಭಾವಕ್ಕೆ ಶಾಸ್ತ್ರದಲ್ಲಿ 'ಹುಸಿ ಒತ್ತು' ಎಂದು ಹೆಸರು. ಗಜೇಂದ್ರಗಡದ ಪಟ್ಟೇದಂಚು ಸೀರೆ ತೋರಿಸಿ, ಒತ್ತಿದ ಮೇಲೆ ಪ್ರೆಶರ್ ಕುಕ್ಕರಿನ ಮುಂದೆ ನಿಲ್ಲಿಸಿದರೂ ಅದೇ ಭಾವ. ದಾರಿ ತಪ್ಪಿ ಬಂದವನಾದರೂ ಭೀಮವ್ವನಿಗೆ ಕೈಮುಗಿದು ಸಮಾಧಾನದಿಂದ ಹೋದಾನು. ಕುಕ್ಕರಿಗೆ ಯಾರು ಕೈಮುಗಿಯುತ್ತಾರೆ?

ಸೂತ್ರ 2: ಕೊಂಡಿಗೆ ಬಾಲವುಂಟು, ಬಾಲಕ್ಕೆ ಆಯುಷ್ಯವುಂಟು

ವೃತ್ತಿ: ಗಿರಾಕಿಯನ್ನು ಕಳಿಸಿದವರು ಯಾರೆಂಬ ಗುರುತು ಕೊಂಡಿಯ ಬಾಲದಲ್ಲಿರುತ್ತದೆ. ಒತ್ತಿದೊಡನೆ 'ಕುಕೀ' ಎಂಬ ಚೀಟಿ ಗಿರಾಕಿಯ ಮೊಬೈಲಿನಲ್ಲಿ ಕೂರುತ್ತದೆ. ಅಮೆಜಾನಿನಲ್ಲಿ ಅದರ ಆಯುಷ್ಯ ಸಾಮಾನ್ಯವಾಗಿ 24 ತಾಸು. ಈ ನಿಯಮ ಬರೆದವರು ಇಟಗಿಯ ಗಿರಾಕಿಯನ್ನು ಕಂಡವರಲ್ಲ. ಔಷಧ ಹೊಡೆಯುವ ಪಂಪನ್ನು ಅವನು ಇವತ್ತು ನೋಡುತ್ತಾನೆ, ನಾಳೆ ಮನೆಯಾಕೆಯನ್ನು ಕೇಳುತ್ತಾನೆ, ಅಮಾವಾಸ್ಯೆ ಕಳೆಯಲಿ ಎನ್ನುತ್ತಾನೆ, ಹೆಸರುಕಾಳಿನ ರೊಕ್ಕ ಬರಲಿ ಎನ್ನುತ್ತಾನೆ, ಕಡೆಗೆ ರೋಣದ ಅಂಗಡಿಯಲ್ಲಿ ಕೊಳ್ಳುತ್ತಾನೆ. ಅಷ್ಟರಲ್ಲಿ ಎಷ್ಟು ಕುಕೀಗಳ ತಿಥಿ ಆಗಿರುತ್ತದೋ!

ಬಾಲ ಕಾಣದಂತೆ ಕೊಂಡಿಯನ್ನು ಮೋಟು ಮಾಡುವ ಉಪಾಯವೂ ಇದೆ. ದನದ ಸಂತೆ ಕಂಡವರಿಗೆ ಇದು ಹೊಸದಲ್ಲ. ಅಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದೇ ದರ ಆಡುತ್ತಾರೆ. ಆದರೆ ಸಂತೆಯ ಟವೆಲ್ಲಿನಡಿ ಎರಡು ಕೈ ಇರುತ್ತವೆ, ದರ ಇಬ್ಬರಿಗೂ ಗೊತ್ತು. ಮೋಟುಕೊಂಡಿಯ ಟವೆಲ್ಲಿನಡಿ ಇರುವುದು ಒಂದೇ ಕೈ.

ಪ್ರಯೋಗ

ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವವರಿಗೆಂದು ಪ್ರಬಂಧಕಾರ ಒಂದು ಬ್ಯಾಟರಿಯ ಕೊಂಡಿಯನ್ನು ಕಟ್ಟೆಯವರ ವಾಟ್ಸಾಪಿಗೆ ಬಿಟ್ಟು, ಕೆಳಗೆ 'ಇಲ್ಲಿ ಒತ್ತಿ' ಎಂದು ಬರೆದ. ಎದುರಿಗೇ ಕುಳಿತಿದ್ದ ಕಾಕಾ ಕನ್ನಡಕ ಏರಿಸಿದರು.

"ಒತ್ತಿ ಅಂತ ಬರದೀಯಲ್ಲೋ ತಮ್ಮಾ, ಏನ್ ಒತ್ತಿ ಇಡಬೇಕು? ಹೊಲಾನೋ, ಬಂಗಾರಾನೋ?"

"ಆ ಒತ್ತಿ ಅಲ್ರೀ ಕಾಕಾ. ಬೆರಳ್ಲೆ ಒತ್ತೂದು."

"ಒತ್ತಿದ್ರ ನಿನಗೇನ್ ಸಿಗತೈತಿ?"

"ಒಂದೀಟು ಕಮಿಷನ್ ಬರತೈತ್ರೀ."

"ಮೊದಲ ಹೇಳಬಾರದೇನು? ನಿನ್ನ ಚಾದ ಖರ್ಚಿಗೆ ಆಗತೈತಿ ಅಂದ್ರ ನಾಕ್ ಸಲ ಒತ್ತತೀನಿ."

ಒತ್ತಿಯೇ ಒತ್ತಿದರು, ನಾಲ್ಕು ಸಲ. ಏನೂ ಕೊಳ್ಳಲಿಲ್ಲ. ಇದರಿಂದ ತಿಳಿದದ್ದು: ಒತ್ತು ಬೇರೆ, ಬಿಕರಿ ಬೇರೆ. ಕಮಿಷನ್ ಬಿಕರಿಗೆ.

ಪೂರ್ವಪಕ್ಷ

ಕಮಿಷನ್ ಇದೆಯೆಂದು ಬಾಯಿಬಿಟ್ಟರೆ ಯಾರೂ ಒತ್ತುವುದಿಲ್ಲ, ಗುಟ್ಟಾಗಿಡುವುದೇ ಲೇಸು.

ಸಿದ್ಧಾಂತ

ಇದು ಕಟ್ಟೆ ಹತ್ತದವರ ವಾದ. ಅಡತಿ ಅಂಗಡಿಯವರಿಗೆ ಕಮಿಷನ್ ಇರುವುದು ಊರಿಗೇ ಗೊತ್ತು. ಆದರೂ ಚೀಲ ಇಳಿಯುವುದು ಅವರ ಅಂಗಡಿಯ ಮುಂದೆಯೇ. 'ನಮ್ಮ ಅಳಿಯನ ಅಂಗಡಿ, ಅಲ್ಲೇ ತಗೋ' ಎಂಬ ಮಾತಿನಲ್ಲಿ ಬಾಲ ಮೊದಲು ಬರುತ್ತದೆ, ಕೊಂಡಿ ಆಮೇಲೆ. ಶಿಫಾರಸು ಮಾಡುವವರು ತಮಗೇನು ಸಿಗುತ್ತದೆಂಬುದನ್ನು ಎದ್ದು ಕಾಣುವಂತೆ, ಸರಳ ಭಾಷೆಯಲ್ಲಿ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಅಳಿಯನ ಅಂಗಡಿಗೆ ಅದು ತಲುಪುವ ಅಗತ್ಯವೇ ಬೀಳಲಿಲ್ಲ.

ಬಾಲವೇ ಇಲ್ಲದ ಶಿಫಾರಸೂ ಉಂಟು. ಇದೇ ಜಿಲ್ಲೆಯ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ಓಲೆಗೆ ಬಾಲ ಕಟ್ಟಲಿಲ್ಲ. ಹೆಸರು ಸಾವಿರ ವರ್ಷ ನಿಂತಿದೆ. ಕುಕೀಯ 24 ತಾಸಿನೊಡನೆ ಹೋಲಿಸಿ ನೋಡುವುದು.

ಹೀಗಾಗಿ ಕಾಕಾ ಅವರ ತಪ್ಪುಗ್ರಹಿಕೆಯೇ ಸರಿಯಾದ ವ್ಯಾಖ್ಯಾನ. ಕೊಂಡಿ ಕಳಿಸಿದವನು ತನ್ನ ಹೆಸರನ್ನೇ ಒತ್ತಿ ಇಟ್ಟಿರುತ್ತಾನೆ. ಸರಕು ಚಲೋ ಬಂದರೆ ಬಿಡಿಸಿಕೊಂಡ. ಕೆಟ್ಟರೆ ಬಡ್ಡಿ ಬೆಳೆಯುತ್ತದೆ. ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಕಂಡವರೆಲ್ಲ ವಸೂಲಿ ಮಾಡುತ್ತಾರೆ.

ಫಲಶ್ರುತಿ

ಕಾಕಾ ಬ್ಯಾಟರಿಯನ್ನು ಕೊಂಡದ್ದು ರೋಣದಲ್ಲಿ. ಕಮಿಷನ್ ಸೊನ್ನೆ. 'ಚಲೋ ವಸ್ತು ತೋರಿಸಿದಿ ತಮ್ಮಾ' ಎಂದು ಚಾ ಮಾತ್ರ ಅವರೇ ಕುಡಿಸಿದರು. ಆ ಚಾವನ್ನು ಲೆಕ್ಕದಲ್ಲಿ ಯಾವ ತಲೆಬರಹದಡಿ ತೋರಿಸಬೇಕೆಂಬ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.