ಪರಮ ರಹಸ್ಯ ವರದಿಯ ಬಹಿರಂಗ ಸಂದರ್ಶನ

ಅಂತರರಾಷ್ಟ್ರೀಯ ರಾಜಕಾರಣದಲ್ಲಿ ಪಿಎಚ್.ಡಿ. ಮಾಡುವವರಿಗೆ ಎರಡು ಭಯ. ಒಂದು, ನಡುದಾರಿಯಲ್ಲಿ ಗೈಡು ನಿವೃತ್ತರಾಗುವುದು. ಇನ್ನೊಂದು, ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ 'ನಿಮ್ಮ ಮೂಲ ಆಕರ ಯಾವುದಮ್ಮ?' ಎಂದು ಕೇಳಿಬಿಡುವುದು. ನನ್ನ ವಿಷಯ 1962ರ ಭಾರತ–ಚೀನಾ ಯುದ್ಧ. ಅದಕ್ಕೆ ಮೂಲ ಆಕರವೆಂದರೆ ಹೆಂಡರ್‌ಸನ್ ಬ್ರೂಕ್ಸ್–ಭಗತ್ ವರದಿ. ಸೋಲಿನ ಕಾರಣ ಹುಡುಕಲು ಸೇನೆಯೇ ಬರೆಸಿ, 1963ರಲ್ಲಿ ಕೈಗೆ ಬಂದೊಡನೆ ಬೀಗ ಹಾಕಿಟ್ಟ ಕಡತ ಅದು. ಅದನ್ನು ಓದಲು ಅನುಮತಿಯಿಲ್ಲ. ಮಾತಾಡಿಸಬಾರದು ಎಂದು ಮಾತ್ರ ಯಾವ ಕಾಯಿದೆಯಲ್ಲೂ ಬರೆದಿಲ್ಲ. ಹಾಗಾಗಿ ದಿಲ್ಲಿಯ ಒಂದು ಕಚೇರಿಗೆ ಹೋದೆ. ಯಾವ ಕಚೇರಿ, ಎಷ್ಟನೇ ಮಹಡಿ ಎಂದೆಲ್ಲ ಬರೆದರೆ ನನ್ನನ್ನೂ ಅದೇ ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಬಾಗಿಲ ಸಂದಿಯಿಂದ ಕೆಮ್ಮು ಕೇಳಿಸಿತು.

ನಾನು: ನಮಸ್ಕಾರ ಸಾರ್. ಹೇಗಿದ್ದೀರಿ?

ವರದಿ: ಗಾಳಿಯಿಲ್ಲ, ಬೆಳಕಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಗುಮಾಸ್ತನಾದರೂ ಅರವತ್ತಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಹೋಗ್ತಾನೆ. ನಾನು ಅರವತ್ತು ದಾಟಿದ ಮೇಲೂ ಡ್ಯೂಟಿಯಲ್ಲೇ ಇದ್ದೀನಿ. 2010ರಲ್ಲಿ ರಕ್ಷಣಾ ಸಚಿವರಾಗಿದ್ದ ಆಂಟನಿಯವರು ಸಂಸತ್ತಿಗೆ ಏನು ಹೇಳಿದರು? ನನ್ನೊಳಗಿರೋದು ಅತಿ ಸೂಕ್ಷ್ಮ ವಿಷಯ, ಸೇನಾ ಕಾರ್ಯಾಚರಣೆಗೆ ಇವತ್ತಿಗೂ ಪ್ರಸ್ತುತ ಅಂತ. ನನ್ನ ಕಾಲದ ಕಥೆ ನಿನಗೆ ಗೊತ್ತಲ್ಲ. ಹಿಮದಲ್ಲಿ ಹತ್ತಿ ಬಟ್ಟೆ ತೊಟ್ಟು ನಿಂತ ಜವಾನರು, ಹಳೇ ಪಾಯಿಂಟ್ ತ್ರೀನಾಟ್‌ತ್ರೀ ಬಂದೂಕು, ರಸ್ತೆಯೇ ಇಲ್ಲದ ಗಡಿ. ಅದು ಇವತ್ತಿಗೂ ಪ್ರಸ್ತುತ ಅನ್ನೋದಾದರೆ ಹೆದರಬೇಕಾದವರು ಚೀನೀಯರಲ್ಲ ಕಣಮ್ಮ.

ನಾನು: ನಿಮ್ಮ ಹುಟ್ಟಿನ ವಿಚಾರ ಸ್ವಲ್ಪ ಹೇಳ್ತೀರಾ?

ವರದಿ: ತಂದೆಯರು ಇಬ್ಬರು. ಲೆಫ್ಟಿನೆಂಟ್ ಜನರಲ್ ಹೆಂಡರ್‌ಸನ್ ಬ್ರೂಕ್ಸ್, ಬ್ರಿಗೇಡಿಯರ್ ಪ್ರೇಮೀಂದ್ರ ಸಿಂಗ್ ಭಗತ್. ಭಗತ್ ಸಾಹೇಬರು ಎರಡನೇ ಮಹಾಯುದ್ಧದಲ್ಲಿ ನೆಲಬಾಂಬು ತೆಗೆದು ವಿಕ್ಟೋರಿಯಾ ಕ್ರಾಸ್ ಪಡೆದವರು. ಆ ಅನುಭವ ನೋಡಿಯೇ ಈ ಕೆಲಸಕ್ಕೆ ಹಾಕಿರಬೇಕು. ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಚೌಧುರಿಯವರು ತರಬೇತಿ ನೋಡಿ, ಸಲಕರಣೆ ನೋಡಿ, ಜವಾನರ ಮೈಕಟ್ಟು ನೋಡಿ, ಕಮಾಂಡರುಗಳ ಯೋಗ್ಯತೆ ನೋಡಿ ಅಂದರು. ದಿಲ್ಲಿಯ ಸೇನಾ ಮುಖ್ಯಾಲಯದ ಕೆಲಸಕಾರ್ಯದ ಗೋಜಿಗೆ ಹೋಗಬೇಡಿ ಅಂತಲೂ ಸಲಹೆ ಕೊಟ್ಟರು.

ನಾನು: ಅಂದರೆ, ಆದೇಶ ಹೊರಟ ಜಾಗ ಬಿಟ್ಟು ಆದೇಶ ತಲುಪಿದ ಜಾಗವನ್ನು ಮಾತ್ರ ತನಿಖೆ ಮಾಡಿ ಅಂತ?

ವರದಿ: ಜ್ವರ ಬಂದವನ ಅಂಗಾಲು ನೋಡಿ ಔಷಧಿ ಬರೀರಿ ಅಂದ ಹಾಗೆ. ಆದರೆ ನಮ್ಮ ತಂದೆಯರು ಸಾಮಾನ್ಯರಲ್ಲ. ಅಂಗಾಲು ನೋಡುತ್ತಲೇ ಆಗಾಗ ಕತ್ತೆತ್ತಿದರು. ಲಡಾಖ್ ಕಡೆಯಲ್ಲೂ ನೇಫಾ (ಈಗಿನ ಅರುಣಾಚಲ) ಕಡೆಯಲ್ಲೂ ಹತ್ತು ಜನ, ಇಪ್ಪತ್ತು ಜನರ ಠಾಣ್ಯಗಳನ್ನ ಚೀನೀಯರ ಮೂಗಿನ ತುದಿಯವರೆಗೆ ತಳ್ಳುತ್ತಾ ಹೋಗಿದ್ದರಲ್ಲ, 'ಫಾರ್ವರ್ಡ್ ಪಾಲಿಸಿ' ಅಂತ, ಅದರ ಹಿಂದೆ ಸೈನ್ಯಬಲವೇ ಇರಲಿಲ್ಲ ಅಂತ ಬರೆದಿಟ್ಟರು. ಚೀನೀಯರು ಗುಂಡು ಹಾರಿಸಲಿಕ್ಕಿಲ್ಲ ಅನ್ನೋದು ಮಲಿಕ್ ಸಾಹೇಬರ ಗುಪ್ತಚರ ದಳದ ಅಂದಾಜಾಗಿತ್ತು. ಆ ಅಂದಾಜಿನ ಮೇಲೆ ನಕ್ಷೆಯಲ್ಲಿ ಗುಂಡುಪಿನ್ನು ಚುಚ್ಚುತ್ತಾ ಹೋದರು. ಗುಂಡುಪಿನ್ನಿಗೆ ಚಳಿ ಆಗಲ್ಲ ನೋಡು.

ನಾನು: 1962ರ ಅಕ್ಟೋಬರ್ 12ರಂದು ಪ್ರಧಾನಿ ನೆಹರೂ ಪತ್ರಕರ್ತರ ಮುಂದೆ...

ವರದಿ: ನಮ್ಮ ನೆಲದಿಂದ ಅವರನ್ನು ತೆರವು ಮಾಡಿಸೋಕೆ ಸೇನೆಗೆ ಆದೇಶ ಕೊಟ್ಟಿದ್ದೀವಿ ಅಂದರು, ಸಿಲೋನಿಗೆ ವಿಮಾನ ಹತ್ತಿದರು. ಎಂಟು ದಿನ ಕಳೆದು 20ನೇ ತಾರೀಖು ಬೆಳಗ್ಗೆ ನಾಮ್‌ಕಾ ಚೂ ಹೊಳೆಯ ಅಂಚಿನಲ್ಲಿದ್ದ ನಮ್ಮ ಏಳನೇ ಬ್ರಿಗೇಡು ಪುಡಿಯಾಯಿತು. ಬ್ರಿಗೇಡಿಯರ್ ದಳವಿ ಸೆರೆಯಾದರು. ಆ ಕಡೆಯ ಹೊಣೆ ಹೊತ್ತಿದ್ದ ಜನರಲ್ ಕೌಲ್ ಅಷ್ಟರಲ್ಲಿ ಕಾಯಿಲೆ ಬಿದ್ದು ದಿಲ್ಲಿಯ ಮನೆಗೆ ಬಂದು, ಹಾಸಿಗೆಯಿಂದಲೇ ಯುದ್ಧ ನಡೆಸ್ತಿದ್ದರು. ಮನೆಯಿಂದಲೇ ಕೆಲಸ ಅನ್ನೋದು ನಿಮ್ಮ ಕೊರೊನಾ ಕಾಲದಲ್ಲಿ ಹುಟ್ಟಿದ್ದು ಅಂದುಕೊಂಡಿದ್ದೆಯಾ?

ನಾನು: ಇದನ್ನೆಲ್ಲ ಮೊದಲೇ ಹೇಳಿದವರು ಯಾರೂ ಇರಲಿಲ್ಲವೇ?

ವರದಿ: ನಿಮ್ಮ ಕೊಡಗಿನವರೇ ಇದ್ದರಲ್ಲ, ತಿಮ್ಮಯ್ಯ ಸಾಹೇಬರು. ಸೇನಾ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಏಗಲಾರದೆ 1959ರಲ್ಲಿ ರಾಜೀನಾಮೆ ಕೊಟ್ಟರು. ಪ್ರಧಾನಿ ಕರೆದು ಸಮಾಧಾನ ಮಾಡಿ ವಾಪಸ್ ತೆಗೆಸಿದರು, ಆಮೇಲೆ ಸಂಸತ್ತಿನಲ್ಲಿ ಅವರನ್ನೇ ತಪ್ಪಿತಸ್ಥರ ಹಾಗೆ ನಿಲ್ಲಿಸಿದರು. ನಿವೃತ್ತರಾದ ಮೇಲೆ, 1962ರ ಜುಲೈನಲ್ಲಿ, ಯುದ್ಧಕ್ಕೆ ಮೂರು ತಿಂಗಳು ಮುಂಚೆ, 'ಸೆಮಿನಾರ್' ಪತ್ರಿಕೆಯಲ್ಲಿ ನೇರವಾಗಿಯೇ ಬರೆದರು: ಭಾರತ ಒಂಟಿಯಾಗಿ ಚೀನಾದ ಎದುರು ಬಹಿರಂಗ ಯುದ್ಧಕ್ಕೆ ಇಳಿಯೋದನ್ನ ಸೈನಿಕನಾಗಿ ನಾನು ಊಹಿಸಲಾರೆ ಅಂತ. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗ್ತಿದ್ದ ಪತ್ರಿಕೆ. ದಿಲ್ಲಿಯಲ್ಲಿ ಅದಕ್ಕೆ ಕಿವಿಗೊಟ್ಟವರು ಕಾಣಲಿಲ್ಲ. ಅದೇ ಮಾತನ್ನ 'ಪರಮ ರಹಸ್ಯ' ಅಂತ ಮುದ್ರೆ ಒತ್ತಿ ಕೊಟ್ಟಿದ್ದರೆ ಸಂಪುಟ ಸಭೆಯಲ್ಲಾದರೂ ಓದ್ತಿದ್ದರೋ ಏನೋ.

ನಾನು: ನನ್ನ ಕಷ್ಟ ಕೇಳಿ ಸಾರ್. ಸಂಶೋಧನೆ ಅಂದರೆ ಆಕರ ಬೇಕು. ನೀವು ಸಿಗಲ್ಲ. ಹಾಗಾಗಿ ಮೊದಲ ಅಧ್ಯಾಯ ಪೂರ್ತಿ ಸಿದ್ಧಾಂತ ಬರೆದೆ. ಕೌಟಿಲ್ಯನ ಮಂಡಲ, ಮಾರ್ಗೆಂಥೋ, ಕೆನೆತ್ ವಾಲ್ಟ್ಸ್. ಎರಡನೆಯದರಲ್ಲಿ ಅವರನ್ನೇ ಇನ್ನೊಂದು ಸಲ ಬರೆದೆ.

ವರದಿ: ಕಡತ ಸಿಗದ ದೇಶದಲ್ಲಿ ಸಿದ್ಧಾಂತ ಹುಲುಸಾಗಿ ಬೆಳೆಯುತ್ತೆ, ಅದರಲ್ಲಿ ಆಶ್ಚರ್ಯ ಏನಿದೆ? ಮೂರನೇ ಅಧ್ಯಾಯಕ್ಕೆ ಏನು ಮಾಡಿದೆ?

ನಾನು: ಅಮೆರಿಕದ ದಾಖಲೆಗಳು. ಬಾಸ್ಟನ್ನಿನ ಕೆನಡಿ ಗ್ರಂಥಾಲಯದ ಕಾಗದಪತ್ರಗಳಲ್ಲಿ ನವೆಂಬರ್ 19ರಂದು ನೆಹರೂ ಕೆನಡಿಗೆ ಬರೆದ ಎರಡು ಪತ್ರಗಳಿವೆ. ಶಬ್ದಕ್ಕಿಂತ ವೇಗದ ಯುದ್ಧವಿಮಾನಗಳ ಹನ್ನೆರಡು ಸ್ಕ್ವಾಡ್ರನ್ ಕಳಿಸಿ, ಬಾಂಬರ್ ವಿಮಾನಗಳನ್ನೂ ಕೊಡಿ ಅಂತ. ಎರಡು ದಿನ ಕಳೆದು ಚೀನಾ ತಾನಾಗಿಯೇ ಕದನವಿರಾಮ ಘೋಷಿಸಿಬಿಟ್ಟಿತು.

ವರದಿ: ನೋಡು, ನಮ್ಮ ಪ್ರಧಾನಿಯ ಎದೆಬಡಿತ ಕೇಳೋಕೆ ನೀನು ಬಾಸ್ಟನ್ನಿಗೆ ಸ್ಟೆತಸ್ಕೋಪ್ ಇಡಬೇಕಾಯಿತು. ಚೀನಾದ ಕಡೆ ಪ್ರಯತ್ನ ಮಾಡಿದೆಯಾ?

ನಾನು: ಅವರೂ 2004ರಲ್ಲಿ ವಿದೇಶಾಂಗ ಇಲಾಖೆಯ ಹಳೇ ಕಡತಗಳನ್ನ ಸಂಶೋಧಕರಿಗೆ ತೆರೆದಿದ್ದರು. ನಾನು ಕಾಲೇಜಿಗೆ ಸೇರೋ ಹೊತ್ತಿಗೆ ಮತ್ತೆ ಮುಚ್ಚಿಬಿಟ್ಟಿದ್ದರು.

ವರದಿ: ಗಡಿ ಎಲ್ಲಿದೆ ಅನ್ನೋದರಲ್ಲಿ ಎರಡು ದೇಶಕ್ಕೂ ಒಮ್ಮತ ಇಲ್ಲ. ಬೀಗ ಎಲ್ಲಿರಬೇಕು ಅನ್ನೋದರಲ್ಲಿ ಇದೆ. ಬಾಂಧವ್ಯ ಅಂದರೆ ಅದು.

ನಾನು: ಕೊನೆಗೆ ನೆವಿಲ್ ಮ್ಯಾಕ್ಸ್‌ವೆಲ್ ಪುಸ್ತಕವೇ ಗತಿ.

ವರದಿ: (ಕೆಮ್ಮುತ್ತಾ) ಆ ಹೆಸರು ಇಲ್ಲಿ ಎತ್ತಬೇಡ. ಪಕ್ಕದ ಕಡತಗಳು ಕೇಳಿಸಿಕೊಳ್ತವೆ. ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ದಿಲ್ಲಿಯಲ್ಲಿದ್ದ ವರದಿಗಾರ. ನನ್ನದೊಂದು ಪ್ರತಿ ಅವರ ಕೈಗೆ ಹೇಗೆ ಹೋಯಿತು ಅನ್ನೋದು ನನಗಿಂತ ದೊಡ್ಡ ರಹಸ್ಯ. 1970ರಲ್ಲಿ ಪುಸ್ತಕ ಬಂತು. ತಪ್ಪೆಲ್ಲ ಭಾರತದ್ದೇ ಅನ್ನೋ ಅವರ ತೀರ್ಪನ್ನ ಒಪ್ಪೋದು ಬಿಡೋದು ನಿನಗೆ ಬಿಟ್ಟದ್ದು. ನನಗಂತೂ ಅದು ಒಂದು ಕಣ್ಣಿನ ನೋಟ ಅನ್ನಿಸುತ್ತೆ. ಆದರೆ ಇನ್ನೊಂದು ಕಣ್ಣು ತೆರೆಯೋ ಅಧಿಕಾರ ಇದ್ದವರು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು. ಅವರ ಪುಸ್ತಕ ಚೀನಾ ಪರ ಅಂತ ಬೈಯೋ ಪ್ರಾಧ್ಯಾಪಕರೂ ಅಡಿಟಿಪ್ಪಣಿಗೆ ಅವರ ಹತ್ತಿರವೇ ಹೋಗ್ತಾರೆ. ನಮ್ಮ ಯುದ್ಧದ ಕಥೆಯ ಗುತ್ತಿಗೆಯನ್ನ ಐವತ್ತು ವರ್ಷ ಒಬ್ಬ ಪರದೇಶಿಗೆ ಬಿಟ್ಟುಕೊಟ್ಟವರು ಯಾರು? ಮ್ಯಾಕ್ಸ್‌ವೆಲ್ ಅಲ್ಲ.

ನಾನು: ದಳವಿಯವರ 'ಹಿಮಾಲಯನ್ ಬ್ಲಂಡರ್' ಇದೆಯಲ್ಲ. ಕನ್ನಡದಲ್ಲಿ ರವಿ ಬೆಳಗೆರೆ ಅನುವಾದ ಮಾಡಿದ್ದು. ನಮ್ಮ ಊರಿನ ಬಸ್‌ ಸ್ಟ್ಯಾಂಡ್ ಅಂಗಡಿಯಲ್ಲೂ ಸಿಗುತ್ತೆ. ನಾನು ಈ ವಿಷಯ ಆರಿಸಿಕೊಂಡಿದ್ದೇ ಅದನ್ನು ಓದಿ.

ವರದಿ: ಸೆರೆಯಿಂದ ಬಂದವರು ಬರೆದ ಪುಸ್ತಕ ಬಸ್‌ ಸ್ಟ್ಯಾಂಡಿನಲ್ಲಿ, ಸೆರೆಗೆ ಹೋಗದವರು ಬರೆದ ವರದಿ ಸೆರೆಯಲ್ಲಿ.

ನಾನು: 2014ರಲ್ಲಿ ಮ್ಯಾಕ್ಸ್‌ವೆಲ್ ನಿಮ್ಮ ಮೊದಲ ಸಂಪುಟದ ಬಹುಪಾಲನ್ನ ಅಂತರ್ಜಾಲಕ್ಕೆ ಹಾಕಿದರು. ನಾನೇ ಮೊಬೈಲಿನಲ್ಲಿ ಓದಿದ್ದೀನಿ. ಅದಾದ ಮೇಲೂ ನೀವು ರಹಸ್ಯವೇ?

ವರದಿ: ಅಧಿಕೃತವಾಗಿ ರಹಸ್ಯ. ನೀನು ಓದಿದ್ದೀಯ, ಆದರೆ ಓದಿಲ್ಲ. ಆ ವರ್ಷದ ವಿನೋದ ಕೇಳು. ಮಾರ್ಚ್‌ನಲ್ಲಿ ವಿರೋಧ ಪಕ್ಷದಲ್ಲಿದ್ದ ಅರುಣ್ ಜೇಟ್ಲಿಯವರು ಈ ಕಡತವನ್ನ ಇನ್ನೂ ಎಷ್ಟು ಕಾಲ ಮುಚ್ಚಿಡ್ತೀರಿ ಅಂತ ಪ್ರಶ್ನಿಸಿದರು. ನಾನು ಪೆಟ್ಟಿಗೆ ಕಟ್ಟಿಕೊಂಡು ಕೂತೆ. ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು, ಅವರೇ ರಕ್ಷಣಾ ಸಚಿವರಾದರು. ಜುಲೈನಲ್ಲಿ ರಾಜ್ಯಸಭೆಗೆ ಲಿಖಿತ ಉತ್ತರ: ಬಿಡುಗಡೆ ರಾಷ್ಟ್ರಹಿತಕ್ಕೆ ಒಳ್ಳೆಯದಲ್ಲ. ಪೆಟ್ಟಿಗೆ ಬಿಚ್ಚಿದೆ. ಕಾಂಗ್ರೆಸ್ಸಿನ ಚವಾಣ್ ಸಾಹೇಬರು ರಕ್ಷಣಾ ಸಚಿವರಾಗಿ 1963ರ ಸೆಪ್ಟೆಂಬರ್ 2ರಂದು ಹೇಳಿದ್ದೂ ಅದೇ ಧಾಟಿ: ಬಹಿರಂಗವಾದರೆ ಭದ್ರತೆಗೆ ಅಪಾಯ, ಸೈನಿಕರ ಮನೋಬಲಕ್ಕೆ ಧಕ್ಕೆ. ನಿಮ್ಮ ಪಠ್ಯದಲ್ಲಿ 'ರಾಜ್ಯಶಕ್ತಿ' ಅಂತ ದೊಡ್ಡದಾಗಿ ಬರೀತೀರಲ್ಲ, ಅದು ಕ್ಷಿಪಣಿಯಲ್ಲಿ ಇದೆಯೋ ಇಲ್ಲವೋ, ಕುರ್ಚಿಯಲ್ಲಂತೂ ಇದೆ. ಕೂತವರೆಲ್ಲರ ಬಾಯಲ್ಲಿ ಒಂದೇ ವಾಕ್ಯ ಹೊರಡಿಸುತ್ತೆ.

ನಾನು: ಮಾಹಿತಿ ಹಕ್ಕು?

ವರದಿ: ಕುಲದೀಪ್ ನಯ್ಯರ್ ಅವರಂಥ ಹಿರಿಯ ಪತ್ರಕರ್ತರೇ ಅರ್ಜಿ ಹಾಕಿದರು. ಕೇಂದ್ರ ಮಾಹಿತಿ ಆಯೋಗ ಕೊಡಬೇಕಿಲ್ಲ ಅಂತ ತೀರ್ಪು ಕೊಟ್ಟಿತು. ಇಪ್ಪತ್ತು ವರ್ಷ ಹಳೆಯ ಮಾಹಿತಿ ಕೊಡಬೇಕು ಅಂತ ಕಾಯಿದೆಯಲ್ಲಿದೆ, ದೇಶದ ಭದ್ರತೆಯ ವಿಷಯ ಅದಕ್ಕೆ ಹೊರತು ಅಂತಲೂ ಇದೆ. ಭದ್ರತೆಯ ವಿಷಯ ಯಾವುದು ಅಂತ ತೀರ್ಮಾನ ಮಾಡೋರು ಯಾರು? ಬೀಗದ ಕೈ ಇಟ್ಟುಕೊಂಡೋರು. ಇದಕ್ಕೆಲ್ಲ ಹಿರಿಯಜ್ಜ 1923ರ ಅಧಿಕೃತ ರಹಸ್ಯ ಕಾಯಿದೆ. ಬ್ರಿಟಿಷರು ಹೋಗುವಾಗ ಬಿಟ್ಟುಹೋದದ್ದರಲ್ಲಿ ನಮ್ಮ ಕಚೇರಿಗಳು ಒರೆಸಿ, ಎಣ್ಣೆ ಹಾಕಿ, ಜೋಪಾನವಾಗಿ ಇಟ್ಟುಕೊಂಡ ಸಾಮಾನು ಅದು.

ನಾನು: 2021ರಲ್ಲಿ ರಕ್ಷಣಾ ಇಲಾಖೆ ಹೊಸ ನೀತಿ ತಂದಿತಲ್ಲ. ಇಪ್ಪತ್ತೈದು ವರ್ಷಕ್ಕೆ ಕಡತಗಳ ಗುಟ್ಟು ಸಾಮಾನ್ಯವಾಗಿ ಬಿಡಬೇಕು, ಯುದ್ಧಗಳ ಇತಿಹಾಸ ಬರೆಸಬೇಕು ಅಂತ.

ವರದಿ: 'ಸಾಮಾನ್ಯವಾಗಿ' ಅಂದಿದ್ದಾರೆ. ನಾನು ಸಾಮಾನ್ಯನಾ? ಹಾಗಂತ ಆ ನೀತಿಯನ್ನ ಹಗುರಾಗಿ ನೋಡಲ್ಲ. ಕಾರ್ಗಿಲ್ ಯುದ್ಧ ಮುಗಿದ ಮೇಲೆ ಸುಬ್ರಹ್ಮಣ್ಯಂ ಸಮಿತಿ ಅದನ್ನೇ ಶಿಫಾರಸು ಮಾಡಿತ್ತು. ಅವರ ವರದಿ 2000ದ ಫೆಬ್ರವರಿಗೇ ಸಂಸತ್ತಿನ ಮುಂದೆ ಬಂತು, ಕೆಲವು ಭಾಗ ಕತ್ತರಿಸಿ. ಪುಸ್ತಕವಾಗಿ ಅಂಗಡಿಗೂ ಹೋಯಿತು. ದೇಶ ಮುಳುಗಲಿಲ್ಲ. ಆದರೆ ನೆನಪಿರಲಿ, ಅದು ಗೆದ್ದ ಯುದ್ಧ. ಗೆದ್ದ ಮನೆಯ ಲೆಕ್ಕಪುಸ್ತಕ ತೋರಿಸೋಕೆ ಯಾರಿಗೂ ನಾಚಿಕೆಯಿಲ್ಲ. 1962ರ ಅಧಿಕೃತ ಇತಿಹಾಸವನ್ನ ಇಲಾಖೆಯ ಇತಿಹಾಸ ವಿಭಾಗವೇ 1992ರಲ್ಲಿ ಬರೆದು ಮುಗಿಸಿತು. ಬಿಡುಗಡೆ ಆಗಲಿಲ್ಲ. ಕಾದು ಕಾದು ಅದೂ ಅಂತರ್ಜಾಲಕ್ಕೆ ಎದ್ದು ನಡೆಯಿತು.

ನಾನು: ಸತ್ತವರ ಮನೆಯವರು ಕೇಳಿದರೆ ಏನು ಹೇಳ್ತೀರಿ?

ವರದಿ: (ತಡೆದು) ಸರ್ಕಾರದ ಲೆಕ್ಕದಲ್ಲಿ ಸತ್ತವರು 1,383. ಕಾಣೆಯಾದವರು 1,696. ಸೆರೆಯಾದವರು 3,968. ಈ ಅಂಕಿಗಳು ರಹಸ್ಯ ಅಲ್ಲ, ಯಾರು ಬೇಕಾದರೂ ಬರೆದುಕೊಳ್ಳಬಹುದು. ಎಷ್ಟು ಜನ ಅನ್ನೋದು ಬಹಿರಂಗ, ಯಾಕೆ ಅನ್ನೋದು ರಹಸ್ಯ. ಮುಂದಿನ ಪ್ರಶ್ನೆ ಕೇಳು.

ನಾನು: ಬೇಸರ ಮಾಡ್ಕೋಬೇಡಿ. ನಾಳೆಯೇ ನಿಮ್ಮನ್ನು ಬಿಡುಗಡೆ ಮಾಡಿದರೆ?

ವರದಿ: ಆ ಮಾತು ಕೇಳಿದರೆ ನನಗೆ ನಡುಕ ಬರುತ್ತೆ, ನಿಜ ಹೇಳ್ತೀನಿ. ಈಗ ನನ್ನ ಬಗ್ಗೆ ಏನೇನು ಕಲ್ಪನೆ ಇದೆ! ನೆಹರೂ ತಪ್ಪೆಲ್ಲ ನನ್ನೊಳಗಿದೆ ಅಂತ ಒಂದು ಗುಂಪು, ನೆಹರೂ ನಿರ್ದೋಷಿ ಅಂತ ಸಾಬೀತು ಮಾಡೋ ಪುಟ ನನ್ನೊಳಗಿದೆ ಅಂತ ಇನ್ನೊಂದು ಗುಂಪು. ಹೊರಗೆ ಬಂದರೆ ಗೊತ್ತಾಗುತ್ತೆ, ಮುಖ್ಯ ಪ್ರಶ್ನೆ ಕೇಳೋ ಅಧಿಕಾರವೇ ನನಗಿರಲಿಲ್ಲ ಅಂತ. ಮಂತ್ರಿಗಳನ್ನ ವಿಚಾರಿಸಿದ ಸಮಿತಿ ಅಲ್ಲ ನನ್ನದು. ಸೇನಾ ಮುಖ್ಯಾಲಯದ ಒಳಗಿನ ನಡವಳಿಕೆಯೂ ನನ್ನ ವ್ಯಾಪ್ತಿಗೆ ಬರಲಿಲ್ಲ. ನಾನು ಬೀರುವಿನಲ್ಲಿರೋವರೆಗೆ ಆ ತನಿಖೆ ನಡೆದಿದೆ, ಉತ್ತರ ಒಳಗಿದೆ ಅಂತ ಜನ ನಂಬಿಕೊಂಡಿರ್ತಾರೆ. ಬೀಗ ಕಾಯ್ತಿರೋದು ನನ್ನೊಳಗೆ ಬರೆದಿರೋದನ್ನ ಅಂದುಕೊಂಡಿದ್ದೀಯಾ? ಬರೆಯದೇ ಬಿಟ್ಟಿದ್ದನ್ನ.

ನಾನು: ಇದನ್ನ ನನ್ನ ಉಪಸಂಹಾರದಲ್ಲಿ ಹಾಕಬಹುದೇ?

ವರದಿ: ಆಕರ ಯಾವುದು ಅಂತ ಬರೀತೀಯ? ಬೀರು ಹೇಳಿತು ಅಂತಲೇ? ಅದಿರಲಿ, ಮಹಾಪ್ರಬಂಧದ ಹೆಸರೇನು?

ನಾನು: 'ಭಾರತ–ಚೀನಾ ಯುದ್ಧದಲ್ಲಿ ರಾಜ್ಯಶಕ್ತಿ ಮತ್ತು ಭದ್ರತಾ ನಿರ್ಧಾರಗಳು: ಒಂದು ಅಧ್ಯಯನ'.

ವರದಿ: 'ಒಂದು ಅಧ್ಯಯನ' ಇರಲೇಬೇಕಲ್ಲ, ಇಲ್ಲದಿದ್ದರೆ ಜಾನಪದ ಗೀತೆ ಅಂದುಕೊಂಡಾರು. ಮುಗಿದ ಮೇಲೆ ಎಲ್ಲಿಡ್ತಾರೆ?

ನಾನು: ಶೋಧಗಂಗಾ ಅಂತ ಇದೆ ಸಾರ್. ದೇಶದ ಪ್ರಬಂಧಗಳನ್ನೆಲ್ಲ ಅಲ್ಲಿಗೆ ಏರಿಸ್ತಾರೆ. ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು.

ವರದಿ: ಯಾರು ಓದ್ತಾರೆ?

ನಾನು: ನಾನು ಓದಿದ್ದೀನಿ. ಗೈಡು ಮುನ್ನುಡಿ ಓದಿದ್ದಾರೆ. ಬೇರೆಯವರ ಸಾಲು ಕದ್ದಿದ್ದೀನಾ ಅಂತ ನೋಡೋಕೆ ಒಂದು ಸಾಫ್ಟ್‌ವೇರ್ ಇದೆ, ಪೂರ್ತಿ ಓದಿರೋದು ಅದೊಂದೇ. ಪರೀಕ್ಷಕರ ವಿಷಯ ಖಚಿತವಾಗಿ ಹೇಳಲಾರೆ.

ವರದಿ: ಪಾಪ. ಒಂದು ಕೆಲಸ ಮಾಡು. ಮೇಲಿನ ಖಾನೆಯಲ್ಲಿ, ಎಡಗಡೆ, ಇಂಕ್ ಪ್ಯಾಡಿನ ಹಿಂದೆ ಒಂದು ರಬ್ಬರ್ ಸ್ಟ್ಯಾಂಪ್ ಇದೆ, 'ಪರಮ ರಹಸ್ಯ' ಅಂತ. ನಿನ್ನ ಪ್ರಬಂಧದ ರಟ್ಟಿಗೆ ಅದನ್ನೊಂದು ಸಲ ಒತ್ತಿ, ಕ್ಯಾಂಟೀನಿನ ಮೇಜಿನ ಮೇಲೆ ಮರೆತ ಹಾಗೆ ಬಿಟ್ಟು ಹೋಗು. ಸಂಜೆಯೊಳಗೆ ಊರೆಲ್ಲ ಓದಿರುತ್ತೆ.