ಇಮೇಜ್ ರಾಯರು

ಬನಶಂಕರಿ ಎರಡನೇ ಹಂತದ ಆ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ, ಮಗನ ಹಳೆಯ ಸ್ವೆಟರಿನಲ್ಲಿ ಸುತ್ತಿಟ್ಟ ಮೂರು ಹಾರ್ಡ್ ಡಿಸ್ಕುಗಳಿವೆ. ಒಂದೊಂದರ ಜೊತೆಗೂ ಶೂ ಡಬ್ಬಿಯಿಂದ ಎತ್ತಿಟ್ಟುಕೊಂಡ ಸಿಲಿಕಾ ಜೆಲ್ ಪೊಟ್ಟಣ. ಮೇಲೊಂದು ಬಿಳಿ ಚೀಟಿ. ಚೀಟಿಯಲ್ಲಿ ತಾರೀಕು, ಗಾತ್ರ, ‘ಪರಿಶೀಲಿಸಲಾಗಿದೆ’ ಎಂಬ ಒಕ್ಕಣೆ, ಕೆಳಗೆ ಕಿರುಸಹಿ. ಅದರ ಪಕ್ಕದಲ್ಲೇ ಇನ್ನೊಂದು ಕಿರುಸಹಿ. ಅದು ಹೆಂಡತಿಯದು. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಸವೆಸಿದವರಿಗೆ ಒಂದೇ ಸಹಿಯ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಆಕೆ ಹುಳಿಗೆ ಒಗ್ಗರಣೆ ಹಾಕಿ, ಕೈ ಒರೆಸಿಕೊಂಡು ಬಂದು, ಸಹಿ ಹಾಕಿ ಹೋಗುತ್ತಾರೆ. ಯಾತಕ್ಕೆ ಅಂತ ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ರಾಯರ ನಿಜವಾದ ಹೆಸರು ಬಡಾವಣೆಯಲ್ಲಿ ಯಾರಿಗೂ ಬೇಕಾಗಿಲ್ಲ. ಇಮೇಜ್ ರಾಯರು ಅಂದರೆ ಹಾಲಿನವನಿಗೂ ಗೊತ್ತು. ಇಂಥವರೊಬ್ಬರು ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇದ್ದಾರು. ಲಿಫ್ಟಿನಲ್ಲಿ ಸಿಕ್ಕರೆ ಎರಡು ಮಹಡಿ ಏರುವುದರೊಳಗೆ ಮಾತು ನಿಮ್ಮ ಹಾರ್ಡ್ ಡಿಸ್ಕಿನ ಆಯುಷ್ಯಕ್ಕೆ ತಿರುಗಿರುತ್ತದೆ.

ನಾಲ್ಕು ಫೈಲನ್ನು ಪೆನ್‌ಡ್ರೈವಿಗೆ ಎಳೆದು ಹಾಕಿ ನಿಶ್ಚಿಂತರಾಗುವವರನ್ನು ಕಂಡರೆ ರಾಯರಿಗೆ ಕನಿಕರ. “ಮೆಷೀನ್ ಸತ್ತ ದಿನ ಗೊತ್ತಾಗತ್ತೆ ಬಿಡಿ. ಫೋಟೋ ಇರತ್ತೆ, ಫೋಟೋ ತೋರಿಸೋ ವಿಂಡೋಸ್ ಇರಲ್ಲ.” ಅವರು ಮಾಡುವುದು ಇಡೀ ಡಿಸ್ಕಿನ ಇಮೇಜ್. ವಿಂಡೋಸ್, ಅದರ ಸೆಟ್ಟಿಂಗು, ಪ್ರಿಂಟರ್ ಡ್ರೈವರು, ಫಾಂಟು, ಕಂಪ್ಯೂಟರಿಗೆ ಬೂಟ್ ಆಗುವ ಬುದ್ಧಿ ಕೊಡುವ ಮೊದಲ 512 ಬೈಟು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳುವುದು. ಹಳೆಯದು ಕೆಟ್ಟರೆ ಹೊಸ ಡಿಸ್ಕ್ ತಂದು ಅದರ ಮೇಲೆ ಇದನ್ನು ಸುರಿದರಾಯಿತು.

ಈ ಗೀಳು ಹತ್ತಿದ್ದಕ್ಕೆ ಕಾರಣ ಕನ್ನಡ. ರಾಯರು ಏಳು ತಲೆಮಾರಿನ ವಂಶವೃಕ್ಷವನ್ನು ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟಿನಲ್ಲಿ ಕೂತು ಟೈಪ್ ಮಾಡಿದ್ದರು. ನುಡಿ, ಬರಹ ತಂತ್ರಾಂಶಗಳ ಆ ಮೊದಲ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಒತ್ತು, ಕೊಂಬು, ತಲೆಕಟ್ಟುಗಳನ್ನು ಕೂರಿಸುತ್ತಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ತಲೆಯ ಮೇಲೆ ಚುಕ್ಕಿ, ಟೋಪಿ ಹೊತ್ತ ಪರದೇಶಿ ಅಕ್ಷರಗಳ ಸಂತೆ. ಮಗ ಆ ಫೈಲನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು, “ಅಪ್ಪ, ನಮ್ಮ ಪೂರ್ವಜರು ಹಂಗೆರಿಯವರಾ?” ಎಂದು ಕೇಳಿದ. ಅಕ್ಷರವನ್ನು ಉಳಿಸಿದರೆ ಸಾಲದು, ಅದನ್ನು ಓದಿಸುವ ಇಡೀ ಸಂಸಾರವನ್ನೂ ಉಳಿಸಬೇಕು ಎಂದು ರಾಯರು ಅವತ್ತು ತೀರ್ಮಾನಿಸಿದರು. ವಂಶವೃಕ್ಷವನ್ನು ಯೂನಿಕೋಡಿಗೆ ಬದಲಾಯಿಸಿಬಿಡಬಹುದಿತ್ತಲ್ಲ ಎಂದು ಯಾರೂ ಅವರಿಗೆ ಹೇಳಿಲ್ಲ. ಹೇಳಿದ್ದರೆ ಮುಂದೆ ಭಾನುವಾರಗಳನ್ನು ಏನು ಮಾಡುತ್ತಿದ್ದರೋ!

ಶಿಸ್ತು ಮಾತ್ರ ಬ್ಯಾಂಕಿನದು. ಅಲ್ಲಿ ಕಂಪ್ಯೂಟರ್ ಬಂದ ಕಾಲಕ್ಕೆ ಕಲಿಸಿದ ಪಾಠ: ಅಜ್ಜ, ಅಪ್ಪ, ಮಗ. ಮೂರು ತಲೆಮಾರಿನ ಪ್ರತಿಗಳು ಸದಾ ಕೈಯಲ್ಲಿರಬೇಕು. ಹೊಸ ಪ್ರತಿ ಬರೆಯುವಾಗ ಎಲ್ಲಕ್ಕಿಂತ ಹಳೆಯದರ ಮೇಲೆ ಬರೆಯಬೇಕು. ಬೀರುವಿನ ಮೂರು ಡಿಸ್ಕುಗಳು ಇವೇ. ಹೊರಗಿನವರ ಮುಂದೆ ಮಾತ್ರ ಈ ಭಾಷೆ ಫಜೀತಿ. ಗ್ಯಾಸ್ ತಂದ ಹುಡುಗ ಬಾಗಿಲಲ್ಲಿ ನಿಂತಿದ್ದಾಗ ರಾಯರು ಒಳಗಿನಿಂದ, “ಲೇ, ಅಜ್ಜನ ಕಥೆ ಈ ಭಾನುವಾರ ಮುಗಿಸಿಬಿಡೋಣ, ಜಾಗ ಸಾಲ್ತಿಲ್ಲ” ಎಂದು ಕೂಗಿದರು. “ಮುಗಿಸಿ, ಅತ್ಲಾಗೆ ನಿಶ್ಚಿಂತೆ” ಎಂದು ಅಡುಗೆಮನೆಯಿಂದ ಉತ್ತರ ಬಂತು. ಆ ಹುಡುಗ ಚಿಲ್ಲರೆಗೂ ಕಾಯಲಿಲ್ಲ.

ಭಾನುವಾರ ಒಂಬತ್ತರೊಳಗೆ ಆ ಮನೆಯಲ್ಲಿ ಚಟ್ನಿ ರುಬ್ಬಿ ಮುಗಿದಿರಬೇಕು. ಆಮೇಲೆ ಮಿಕ್ಸಿ ಹಾಕುವಂತಿಲ್ಲ. ಎಲ್ಲಾದರೂ ಫ್ಯೂಸ್ ಹೋದರೆ? ರಾಯರು ಸ್ನಾನ ಮಾಡಿ, ಮಡಿಪಂಚೆ ಉಟ್ಟು, ಯುಪಿಎಸ್‌ನ ದೀಪ ಹಸಿರಾಗಿದೆಯೇ ನೋಡಿ, ಪೆನ್‌ಡ್ರೈವಿನಿಂದ ಕ್ಲೋನ್‌ಜಿಲ್ಲಾ ಎಬ್ಬಿಸುತ್ತಾರೆ. ತೈವಾನಿನ ರಾಷ್ಟ್ರೀಯ ಕಂಪ್ಯೂಟಿಂಗ್ ಕೇಂದ್ರದಲ್ಲಿ ಹುಟ್ಟಿದ ಪುಕ್ಕಟೆ ತಂತ್ರಾಂಶ. ಚಿತ್ರವಿಲ್ಲ, ಬಣ್ಣದ ಆಡಂಬರವಿಲ್ಲ, ಬರೀ ಪ್ರಶ್ನೆಗಳು. ಡಿಸ್ಕನ್ನು ಅಳಿಸಿ ಬರೆಯುವ ಮುಂಚೆ ‘ಖಂಡಿತವಾಗಿಯೂ?’ ಎಂದು ಕೇಳಿ, ಹೂಂ ಅಂದ ಮೇಲೂ ಇನ್ನೊಂದು ಸಲ ಕೇಳುತ್ತದೆ ಎಂಬುದು ರಾಯರು ಅದಕ್ಕೆ ಕೊಡುವ ದೊಡ್ಡ ಪ್ರಶಸ್ತಿ. ನಿವೃತ್ತಿಯಾದ ಮೇಲೆ ಅವರ ಒಪ್ಪಿಗೆಯನ್ನು ಎರಡೆರಡು ಸಲ ಕೇಳುವುದು ಅದೊಂದೇ. ಹುಳಿ ಕುದಿಯುವ ಹೊತ್ತಿಗೆ ಇಮೇಜ್ ಇಳಿದಿರುತ್ತದೆ, ಮೊಸರನ್ನದ ಹೊತ್ತಿಗೆ ಪರಿಶೀಲನೆ ಮುಗಿದಿರುತ್ತದೆ. ಅಷ್ಟರಲ್ಲಿ ಪರದೆಯ ಮೇಲೆ ನಿಮಿಷ ಇಳಿಯುವುದನ್ನು ರಾಯರು ಕಣ್ಣು ಮಿಟುಕಿಸದೆ ನೋಡುತ್ತಾರೆ. ದೀಪಾವಳಿಯಿಂದ ಮುಷ್ಕರ ಹೂಡಿರುವ ಪ್ರಿಂಟರಿನ ಡ್ರೈವರ್ ಸರಿ ಮಾಡಿ ಅಂದರೆ, “ಮೊದಲು ಇಮೇಜ್ ಆಗಲಿ” ಎನ್ನುತ್ತಾರೆ. ಆದ ಮೇಲೆ ನಿದ್ದೆ ಬರುತ್ತದೆ.

ಅವರ ಮೊದಲ ಪ್ರೀತಿ ಮಾತ್ರ ಘೋಸ್ಟ್ ಎಂಬ ಇಮೇಜ್ ತಂತ್ರಾಂಶ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮರ್ರಿ ಹಸ್ಸಾರ್ಡ್ ಎಂಬಾತ 1990ರ ದಶಕದ ನಡುವೆ ಬರೆದದ್ದು. 1998ರಲ್ಲಿ ಸಿಮ್ಯಾಂಟೆಕ್ ಕಂಪನಿ ಕೊಂಡುಕೊಂಡಿತು. “ಒಂದು ಫ್ಲಾಪೀಲಿ ಕೂರ್ತಿತ್ತು ಕಣ್ರೀ!” ಎನ್ನುವಾಗ ರಾಯರ ದನಿ ಒದ್ದೆಯಾಗುತ್ತದೆ. 2013ರಲ್ಲಿ ಅದರ ಮನೆಬಳಕೆಯ ಆವೃತ್ತಿಯ ಮಾರಾಟ ನಿಂತಿತು. ವಿಂಡೋಸ್ 10ರ ಹೊಟ್ಟೆಯಲ್ಲೇ ಇಮೇಜ್ ಮಾಡುವ ಸೌಕರ್ಯ ಇದೆಯಲ್ಲ ಎಂದು ಯಾರೋ ತೋರಿಸಿದರೆ, ಅದರ ಹೆಸರಿನ ಪಕ್ಕ ಇನ್ನೂ ‘ವಿಂಡೋಸ್ 7’ ಎಂದೇ ಬರೆದಿರುವುದನ್ನು ತೋರಿಸಿ ರಾಯರು ಬಾಯಿ ಮುಚ್ಚಿಸಿದರು.

ಮಾರ್ಚ್ 31 ಅವರಿಗೆ ಪರ್ವಕಾಲ. 2011ರಿಂದ ಅದು ವಿಶ್ವ ಬ್ಯಾಕಪ್ ದಿನ. ಮರುದಿನ ಮೂರ್ಖರ ದಿನ, ಆದ್ದರಿಂದ ಹಿಂದಿನ ದಿನವೇ ಎಚ್ಚರವಾಗಿರಿ ಎಂದು ಯಾರೋ ಹುಟ್ಟುಹಾಕಿದ್ದು. ಬ್ಯಾಂಕಿನವರಿಗೆ ಆ ರಾತ್ರಿ ಎಂದರೆ ವರ್ಷದ ಲೆಕ್ಕ ಮುಗಿಸುವ ಜಾಗರಣೆ. ಶಾಖೆಯಲ್ಲಿ ತರಿಸಿದ ಚೌಚೌಭಾತು, ತಾಳೆಯಾಗದ ಎಂಟಾಣೆ, ಬೆಳಗಿನ ಜಾವದ ಕಾಫಿ, ಇವೆಲ್ಲ ಹೋಗಿ ಬರಿದಾಗಿದ್ದ ತಾರೀಕು ಅದು. ಜಗತ್ತು ತಾನಾಗಿ ಅದೇ ದಿನವನ್ನು ವಾಪಸು ಕೊಟ್ಟಿದೆ. ರಾಯರು ಈಗಲೂ ಆ ರಾತ್ರಿ ಮಲಗುವುದಿಲ್ಲ.

ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೋಗ್ರಾಫರ್ ಜನಪ್ರಿಯಗೊಳಿಸಿದ 3-2-1 ಸೂತ್ರವೂ ರಾಯರಿಗೆ ಕಂಠಪಾಠ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದಾಚೆ. ಈ ಆಚೆಯ ಪ್ರತಿ ಮೈಸೂರಿನ ಮಗಳ ಮನೆಯಲ್ಲಿದೆ. ರೈಲಿನಲ್ಲಿ ರಾಯರು ಕಿಟಕಿ ಬದಿ ಕೂರುವುದಿಲ್ಲ, ಡಿಸ್ಕ್ ತೊಡೆಯ ಮೇಲಿರುತ್ತದೆ. ಸೂಟ್‌ಕೇಸು ಯಾರ ಕಾಲಡಿಯಲ್ಲಾದರೂ ಇರಲಿ. “ಜೋಪಾನ” ಎಂದು ಕೊಟ್ಟು ಬಂದದ್ದನ್ನು ಬೀಗಿತ್ತಿ ನಿಜಕ್ಕೂ ಜೋಪಾನ ಮಾಡಿದರು. ಆಯುಧಪೂಜೆಯ ದಿನ ಹೋಗಿ ನೋಡಿದರೆ ಡಿಸ್ಕ್ ದೇವರ ಮನೆಯಲ್ಲಿ, ಸಾಲಿಗ್ರಾಮದ ಪಕ್ಕ ಇತ್ತು. ಮೈತುಂಬ ಅರಿಶಿನ ಕುಂಕುಮ. ಯುಎಸ್‌ಬಿ ಬಾಯಿಯೊಳಗೆ ಅಕ್ಷತೆಯ ಒಂದು ಕಾಳು. ರಾಯರು ಕೈ ಮುಗಿದರು. ಹೆಂಡತಿಯ ಹೇರ್‌ಪಿನ್ನು ಇಸಕೊಂಡು ಆ ಕಾಳನ್ನು ಹೊರಗೆ ತೆಗೆಯುವ ತನಕ ಹೋಳಿಗೆ ಮುಟ್ಟಲಿಲ್ಲ.

ಮದುವೆಮನೆಯಲ್ಲಿ ಇವರ ಪಕ್ಕದ ಎಲೆಗೆ ಕೂತವರಿಗೆ ‘ಟಾಯ್ ಸ್ಟೋರಿ 2’ರ ಕಥೆ ತಪ್ಪಿದ್ದಲ್ಲ. 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ಯಾರೋ ಒಂದು ಅಳಿಸುವ ಆಜ್ಞೆ ಕೊಟ್ಟರು; ಪರದೆಯ ಮೇಲಿನ ಗೊಂಬೆಗಳು ಒಂದೊಂದಾಗಿ ಮಾಯವಾಗತೊಡಗಿದವು. ಬ್ಯಾಕಪ್ ತೆಗೆದು ನೋಡಿದರೆ ಅದೂ ಸರಿಯಿಲ್ಲ. ಕೊನೆಗೆ ಬಾಣಂತನಕ್ಕಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲೊಂದು ಪ್ರತಿ ಸಿಕ್ಕಿತು. ಅದನ್ನು ಕಂಬಳಿ ಸುತ್ತಿ ಕಾರಿನಲ್ಲಿ ತಂದರು. ಕಂಬಳಿಯ ಭಾಗಕ್ಕೆ ಬರುವಾಗ ರಾಯರು ಪಾಯಸ ಬಡಿಸುವವನನ್ನೂ ತಡೆದು ನಿಲ್ಲಿಸುತ್ತಾರೆ. ಆಮೇಲೆ ಆ ಸಿನಿಮಾದ ಬಹುಪಾಲನ್ನು ಕಥೆ ಹಿಡಿಸಲಿಲ್ಲವೆಂದು ಹೊಸದಾಗಿಯೇ ಮಾಡಿದರು ಎಂಬ ಸಂಗತಿಯೂ ಇದೆ. ಅಲ್ಲಿಗೆ ಬರುವ ಹೊತ್ತಿಗೆ ರಾಯರು ಎಲೆ ಮಡಿಚಿರುತ್ತಾರೆ.

ಒಮ್ಮೆ ಪಂಕ್ತಿಯಲ್ಲಿದ್ದ ಸಾಫ್ಟ್‌ವೇರ್ ಹುಡುಗನೊಬ್ಬ ಕೇಳಬಾರದ್ದನ್ನು ಕೇಳಿದ. “ಅಂಕಲ್, ಆ ಕಥೇಲಿ ಕೈಕೊಟ್ಟಿದ್ದೇ ಬ್ಯಾಕಪ್ಪು. ನೀವು ನಿಮ್ಮದನ್ನ ಒಂದ್ಸಲನಾದ್ರೂ ರಿಸ್ಟೋರ್ ಮಾಡಿ ನೋಡಿದೀರಾ?”

ರಾಯರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಫೈರ್ ಇಂಜಿನ್ ಸರಿಯಾಗಿದೆಯಾ ಅಂತ ನೋಡೋಕೆ ಮನೆಗೆ ಬೆಂಕಿ ಹಚ್ತಾರೇನಯ್ಯ?” ಎಂದರು. ಮಾತು ಗೆದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಹೆಂಡತಿ ಹೇಳಿದರು. ಪರಿಶೀಲನೆ ಎಂದರೆ ಇಮೇಜ್ ಓದಲು ಬರುತ್ತದೆ ಎಂದಷ್ಟೇ. ಅದರಿಂದ ಕಂಪ್ಯೂಟರ್ ಎದ್ದು ನಿಲ್ಲುತ್ತದೆಯೇ ಎಂಬುದು ಎಬ್ಬಿಸಿ ನೋಡಿದಾಗಲೇ ಗೊತ್ತು. ಇದು ಆ ಹುಡುಗನಿಗಿಂತ ಚೆನ್ನಾಗಿ ರಾಯರಿಗೆ ಗೊತ್ತಿತ್ತು.

ಬೆಂಕಿ ತಾನಾಗಿಯೇ ಹತ್ತಿತು. ಆಷಾಢದ ಒಂದು ಬುಧವಾರ ಕಂಪ್ಯೂಟರಿನ ಒಳಗಿನಿಂದ ಟಕ್, ಟಕ್ ಎಂದು ಸದ್ದು ಬಂತು; ಪರದೆ ಕಪ್ಪಾಯಿತು. ಹೆಂಡತಿ ಗಾಬರಿಯಿಂದ ಕೂಗಿದರು. ರಾಯರು ಕಿವಿಯಿಟ್ಟು ಆಲಿಸಿ, “ಹೋಗಿದೆ!” ಎಂದರು. ಮುಖದಲ್ಲಿ ಅಂಥ ಕಳೆ ಮಗಳ ಮದುವೆಯಲ್ಲೂ ಇರಲಿಲ್ಲವಂತೆ.

ಊಟ ಕೂಡ ಮಾಡದೆ ಎಸ್.ಪಿ. ರೋಡಿಗೆ ಹೋಗಿ 480 ಜಿಬಿಯ ಎಸ್‌ಎಸ್‌ಡಿ ತಂದರು. ಹಳೆಯದು 500 ಜಿಬಿ. ಅದರಲ್ಲಿ ತುಂಬಿದ್ದು ಕಾಲುಭಾಗವೂ ಇಲ್ಲ, ಆದರೂ ಕ್ಲೋನ್‌ಜಿಲ್ಲಾ ಒಪ್ಪಲಿಲ್ಲ. ಇಮೇಜ್ ಸುರಿಯುವ ಡಿಸ್ಕ್ ಮೂಲದಷ್ಟಾದರೂ ದೊಡ್ಡದಿರಬೇಕು ಎಂಬುದು ಅದರ ಹಟ. ವಾಪಸು ಹೋದರೆ ಅಂಗಡಿಯವನು, “ಇಪ್ಪತ್ತು ಜಿಬಿ ತಾನೇ ಸಾರ್ ಕಮ್ಮಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ” ಎಂದ. ಬೆಂಗಳೂರಿನಲ್ಲಿ ಆ ಮಾತಿಗೆ ಬಗ್ಗದ್ದು ಏನೂ ಇಲ್ಲ. ತೈವಾನಿನವರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ರಾಯರು ಮೇಲೆ ದುಡ್ಡು ಕೊಟ್ಟು 512 ಜಿಬಿಯದನ್ನು ತಂದರು.

ರಾತ್ರಿ ಒಂಬತ್ತಕ್ಕೆ ಸುರಿಯಲು ಶುರು. ಖಂಡಿತವಾಗಿಯೂ? ಹೂಂ. ಖಂಡಿತವಾಗಿಯೂ? ಎರಡನೆಯ ಹೂಂ ಒತ್ತುವಾಗ ಬೆರಳು ನಡುಗಿತು. ಮುಗಿದ ಮೇಲೆ ಗುಂಡಿ ಒತ್ತಿದರೆ ವಿಂಡೋಸ್ ಎದ್ದಿತು! ಅದೇ ತಿರುಪತಿಯ ಪಟ, ಅದೇ ಐಕಾನುಗಳ ಗುಂಪು, ಆಂಟಿವೈರಸ್ ಅವಧಿ ಮುಗಿದಿದೆ ಎಂಬ ಅದೇ ಗೊಣಗು. ವಂಶವೃಕ್ಷ ತೆರೆದರೆ ಏಳೂ ತಲೆಮಾರು ಶುದ್ಧ ಕನ್ನಡದಲ್ಲಿ. ರಾಯರು ಮಲಗಿದ್ದ ಹೆಂಡತಿಯನ್ನು ಎಬ್ಬಿಸಿ ಕರೆತಂದರು, ಎದುರುಮನೆಯ ನಮಗೂ ಫೋನ್ ಹೋಯಿತು. ಎಲ್ಲರೂ ಪರದೆಯ ಮುಂದೆ ನಿಂತೆವು.

“ಮುಂಚೇನೂ ಹೀಗೇ ಇತ್ತಲ್ಲ?” ಎಂದರು ಆಕೆ.

“ಹೀಗೇ ಇತ್ತು! ಅದೇ ಹೇಳ್ತಿರೋದು!”

ಪಾಪ, ಇದಕ್ಕಿಂತ ಕಷ್ಟದ ಗೆಲುವು ಇನ್ನೊಂದಿಲ್ಲ. ಹೊಸ ಟಿವಿ ತಂದವನಿಗೆ ತೋರಿಸಲು ಟಿವಿ ಇರುತ್ತದೆ. ಏನೂ ಆಗಿಲ್ಲ ಎಂಬುದನ್ನು ರಾಯರು ಹೇಗೆ ತೋರಿಸಬೇಕು? ನಾವು ಭೇಷ್ ಭೇಷ್ ಎಂದೆವು. ಸೋಮವಾರ ಟೈಪ್ ಮಾಡಿದ್ದ ವರಮಹಾಲಕ್ಷ್ಮಿಯ ಅರಿಶಿನ ಕುಂಕುಮಕ್ಕೆ ಕರೆಯುವವರ ಪಟ್ಟಿ ಮಾತ್ರ ಇರಲಿಲ್ಲ, ಇಮೇಜ್ ಭಾನುವಾರದ್ದು. ಆಕೆಗೇನೂ ಬೇಸರವಾಗಲಿಲ್ಲ. ಮೊದಲು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೇ ಆಮೇಲೆ ಗಂಡನ ಬಲವಂತಕ್ಕೆ ಟೈಪ್ ಮಾಡಿದ್ದರು.

“ಅದು ಹೋಗಲಿ, ಆ ಪ್ರಿಂಟರ್ ಈಗಲಾದ್ರೂ ಕೆಲಸ ಮಾಡತ್ತಾ?”

ರಾಯರು ಒಂದು ಹಾಳೆ ಇಟ್ಟು ಪ್ರಿಂಟ್ ಒತ್ತಿದರು. ದೀಪಾವಳಿಯಿಂದ ಬರುತ್ತಿದ್ದ ಆ ಕೆಂಪು ಎಚ್ಚರಿಕೆ, ಅದೇ ಸಂಖ್ಯೆಯೊಂದಿಗೆ, ಅದೇ ಮೂಲೆಯಲ್ಲಿ ಬಂದು ಕೂತಿತು.

“ನೋಡಿದ್ಯಾ,” ಎಂದರು ರಾಯರು, “ಅದೂ ಒಂದಿಷ್ಟೂ ಬದಲಾಗಿಲ್ಲ!”